25ರಲ್ಲಿ ನಡುವಿಗೆ, 50ರಲ್ಲಿ ಕೆಳಗೆ

ಪ್ರಶ್ನೆ: ನಮಸ್ಕಾರ ಅಣ್ಣಾ. ನಾನು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ಒಂದು ಹಳ್ಳಿಯವಳು, ಬಿ.ಎಸ್ಸಿ. ಎರಡನೇ ವರ್ಷ. ಎನ್‌ಸಿಸಿ ಕ್ಯಾಂಪಿನಲ್ಲಿ ಮೊದಲ ಸಲ .22 ರೈಫಲ್ ಹಿಡಿದೆ, ಆಮೇಲೆ ಬಿಡಲಾಗಲಿಲ್ಲ. ಈಗ ಒಂದು ಕ್ಲಬ್ಬಿನಲ್ಲಿ ಕಲಿಯುತ್ತಿದ್ದೇನೆ. ನಮ್ಮದು ತಗಡಿನ ಶೆಡ್ಡಿನ ರೇಂಜ್, 25 ಮೀಟರ್ ಅಷ್ಟೇ ಉದ್ದ. ಅಲ್ಲಿ ನನ್ನ ಗುಂಡುಗಳು ನಡುವಿಗೇ ಬೀಳುತ್ತವೆ. ಹೋದ ತಿಂಗಳು 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ಮ್ಯಾಚಿಗೆ ಹೋದರೆ ಎಲ್ಲ ಗುಂಡೂ ಆರು ಗಂಟೆಯ ಕಡೆ, ಸುಮಾರು 2 ಸೆಂಟಿಮೀಟರ್ ಕೆಳಗೆ. ಗಾಬರಿಯಲ್ಲಿ ಸೈಟ್ (ಗುರಿ ನೋಡುವ ಸಾಧನ) ತಿರುಗಿಸಿದೆ, ಇನ್ನೂ ಕೆಟ್ಟಿತು. ಸೈಟ್ ಹಾಳಾಗಿದೆಯಾ? ಮಾವನ ಕಬ್ಬಿನ ಹೊಲದ ಬದುವಿನಲ್ಲಿ 50 ಮೀಟರ್ ಅಳೆದು ಪ್ರಾಕ್ಟೀಸ್ ಮಾಡಬಹುದಾ?

ಉತ್ತರ: ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೊಲದಲ್ಲಿ ಬೇಡ. ಯಾವ ಕಾರಣಕ್ಕೂ ಬೇಡ. .22 ಗುಂಡು ಚಿಕ್ಕದು ಅನ್ನಿಸಬಹುದು, ಆದರೆ ತಡೆಯಿಲ್ಲದೆ ಹೋದರೆ ಒಂದು ಕಿಲೋಮೀಟರಿಗೂ ಜಾಸ್ತಿ ಹಾರುತ್ತದೆ. ಕಬ್ಬು ಗುಂಡನ್ನು ತಡೆಯುವುದಿಲ್ಲ. ಕಬ್ಬಿನ ಆಚೆ ನೀರು ಹಾಯಿಸುವವರು ಇರುತ್ತಾರೆ, ಕಾಣುವುದಿಲ್ಲ. ಕ್ಲಬ್ಬಿನ ಗನ್ ಕ್ಲಬ್ಬಿನಲ್ಲೇ ಇರಬೇಕು, ಹಿಂದೆ ಮಣ್ಣಿನ ಗೋಡೆ ಇರುವ ರೇಂಜಿನಲ್ಲಿ, ಕೋಚ್ ನಿಂತಿರುವಾಗಲೇ ಗುಂಡು ಹಾರಬೇಕು. ಕಾನೂನೂ ಅದನ್ನೇ ಹೇಳುತ್ತದೆ, ನಾನೂ ಅದನ್ನೇ ಹೇಳುತ್ತೇನೆ.

ಇನ್ನು ಸೈಟ್. ಹಾಳಾಗಿಲ್ಲ. ನಿನ್ನ ರೈಫಲ್ ಹೇಗೆ ನಡೆದುಕೊಳ್ಳಬೇಕೋ ಹಾಗೇ ನಡೆದುಕೊಂಡಿದೆ.

ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸುವವರನ್ನು ನೋಡಿದ್ದೀಯಲ್ಲ. ಹತ್ತಿರದ ಹಕ್ಕಿಗೆ ಕಲ್ಲು ನೇರ ಬಿಡುತ್ತಾರೆ, ಹೊಲದ ಆ ತುದಿಯ ಹಕ್ಕಿಗೆ ಮೇಲಕ್ಕೆ ಬಿಡುತ್ತಾರೆ. ಗುಂಡಿಗೂ ಅದೇ ಲೆಕ್ಕ. ನಳಿಕೆ ಬಿಟ್ಟ ಕ್ಷಣದಿಂದಲೇ ಅದು ಕೆಳಗೆ ಇಳಿಯಲು ಶುರು ಮಾಡುತ್ತದೆ. ಮ್ಯಾಚಿಗೆ ಬಳಸುವ ಸಾಧಾರಣ ವೇಗದ .22 ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ. ನಳಿಕೆಯನ್ನು ಮಟ್ಟಸವಾಗಿ ಹಿಡಿದರೆ 25 ಮೀಟರ್ ತಲುಪುವಷ್ಟರಲ್ಲಿ ಸುಮಾರು 3 ಸೆಂಟಿಮೀಟರ್ ಇಳಿದಿರುತ್ತದೆ, 50 ಮೀಟರಿನಲ್ಲಿ ಸುಮಾರು 12. ದೂರ ಎರಡು ಪಟ್ಟು, ಇಳಿತ ನಾಲ್ಕು ಪಟ್ಟು. ತಕರಾರು ಹುಟ್ಟುವುದೇ ಇಲ್ಲಿ.

ಎರಡನೆಯ ವಿಷಯವನ್ನು ತುಂಬಾ ಜನ ಮರೆಯುತ್ತಾರೆ. ನಿನ್ನ ಕಣ್ಣು ನಳಿಕೆಯೊಳಗಿಂದ ನೋಡುವುದಿಲ್ಲ, ಅದರ ಮೇಲಿನ ಸೈಟಿನಿಂದ ನೋಡುತ್ತದೆ. ಕಣ್ಣಿನ ಗೆರೆ ನೇರ. ನಳಿಕೆ ಆ ಗೆರೆಯ ಕೆಳಗೆ ಒಂದಿಷ್ಟೇ ಮೇಲ್ಮುಖವಾಗಿ ಕೂತಿರುತ್ತದೆ. ಹಾಗಾಗಿ ಗುಂಡು ಗೆರೆಯ ಕೆಳಗಿನಿಂದ ಹೊರಟು, ಒಂದು ಕಡೆ ಗೆರೆಯನ್ನು ದಾಟಿ ಮೇಲೆ ಹೋಗಿ, ಮುಂದೆ ಇನ್ನೊಂದು ಕಡೆ ಕೆಳಗೆ ದಾಟುತ್ತದೆ. ಸೈಟ್ 4 ಸೆಂಟಿಮೀಟರ್ ಎತ್ತರದಲ್ಲಿರುವ ರೈಫಲನ್ನು 50 ಮೀಟರಿಗೆ ಸರಿಯಾಗಿ ಜೀರೋ ಮಾಡಿದರೆ (ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಸೈಟ್ ಹೊಂದಿಸಿದರೆ), ಗುಂಡು ಸುಮಾರು 16 ಮೀಟರಿನಲ್ಲಿ ಮೊದಲ ಸಲ ಗೆರೆ ದಾಟುತ್ತದೆ, 25ರಲ್ಲಿ 1 ಸೆಂಟಿಮೀಟರಿಗಿಂತ ಸ್ವಲ್ಪ ಮೇಲಿರುತ್ತದೆ, 50ರಲ್ಲಿ ಎರಡನೇ ಸಲ ದಾಟುತ್ತದೆ. ಮುಂದೆ 100 ಮೀಟರಿಗೆ ಹೋದರೆ 20 ಸೆಂಟಿಮೀಟರಿಗೂ ಜಾಸ್ತಿ ಕೆಳಗೆ.

ಈಗ ನಿನ್ನ ಪತ್ರ ತೆಗೆದುಕೋ. ನೀನು 25ರಲ್ಲಿ ಗುಂಡನ್ನು ನಡುವಿಗೆ ತಂದೆ. ಅಂದರೆ ಅಲ್ಲಿ 1 ಸೆಂಟಿಮೀಟರ್ ಮೇಲೆ ಇರಬೇಕಾದದ್ದನ್ನು ಕೆಳಗೆ ಇಳಿಸಿದೆ. 50ಕ್ಕೆ ಹೋದಾಗ ಆ 1 ಸೆಂಟಿಮೀಟರ್ ಎರಡಾಯಿತು. ನಿನ್ನ ರೈಫಲಿನ ಸೈಟ್ ಎತ್ತರ ಸುಮಾರು 4 ಸೆಂಟಿಮೀಟರ್ ಇರಬೇಕು ಎಂದು ಇಲ್ಲಿ ಕೂತೇ ಹೇಳಬಹುದು. ಆದರೂ ಅಳೆದು ನೋಡು. ಗನ್ ಖಾಲಿ ಇದೆಯೆಂದು ಕೋಚ್ ನೋಡಿ ಹೇಳಿದ ಮೇಲೆ, ನಳಿಕೆಯ ತೂತಿನ ನಡುವಿನಿಂದ ಸೈಟಿನ ತೂತಿನ ನಡುವಿನವರೆಗೆ ಸ್ಕೇಲ್ ಹಿಡಿ. ಕೆಲವರು ಕುತ್ತಿಗೆ ಆರಾಮಾಗಿರಲಿ ಎಂದು ಸೈಟಿನ ಕೆಳಗೆ ಎತ್ತರಿಸುವ ತುಂಡು ಹಾಕಿಕೊಂಡಿರುತ್ತಾರೆ. ಆ ರೈಫಲಿನ ಲೆಕ್ಕವೇ ಬೇರೆ. ಸೈಟ್ 6 ಸೆಂಟಿಮೀಟರ್ ಎತ್ತರಕ್ಕೆ ಹೋದರೆ 25ರಲ್ಲೂ 50ರಲ್ಲೂ ಗುಂಡು ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತದೆ. ಅದಕ್ಕೇ ಪಕ್ಕದ ಹುಡುಗ "ನನ್ನ ರೈಫಲಿಗೆ ಏನೂ ಬದಲಿಸಬೇಕಾಗಿಲ್ಲ, ನಿನ್ನದೇ ಸರಿಯಿಲ್ಲ" ಎಂದರೆ ನಂಬಬೇಡ. ಅವನ ಸೈಟ್ ಎತ್ತರವಾಗಿರುತ್ತದೆ, ಅಷ್ಟೇ.

ಕೈಯಲ್ಲಿ ಮಾಡಬಹುದಾದ ಲೆಕ್ಕ ಇದು: 3ರಿಂದ ಸೈಟ್ ಎತ್ತರದ ಅರ್ಧವನ್ನು ಕಳೆ. ಉಳಿದಷ್ಟು ಸೆಂಟಿಮೀಟರ್ ಮೇಲೆ 25 ಮೀಟರಿನಲ್ಲಿ ಗುಂಡುಗಳ ಗುಂಪು ಬೀಳಬೇಕು. ಎತ್ತರ 4 ಇದ್ದರೆ 1 ಮೇಲೆ, 5 ಇದ್ದರೆ ಅರ್ಧ ಮೇಲೆ. ಇದು ಆ ಸಾಧಾರಣ ವೇಗದ ಗುಂಡಿಗೆ ಮಾತ್ರ. ಜಾಸ್ತಿ ವೇಗದ ಗುಂಡು ಕಡಿಮೆ ಇಳಿಯುತ್ತದೆ, ಅದಕ್ಕೆ ಈ ಲೆಕ್ಕ ಹಚ್ಚಬೇಡ.

ಇನ್ನು ಕೆಲಸ ಹೇಗೆ ಮಾಡಬೇಕು ಹೇಳುತ್ತೇನೆ. 50 ಮೀಟರ್ ಟಾರ್ಗೆಟನ್ನು ಹಾಗೇ ತಂದು 25ರಲ್ಲಿ ನೇತುಹಾಕಬೇಡ. ಕಪ್ಪು ಭಾಗ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಸೈಟಿನ ಉಂಗುರದೊಳಗೆ ಕೂರುವುದಿಲ್ಲ, ಕಣ್ಣು ಬೇರೆಯೇ ಚಿತ್ರ ಕಲಿಯುತ್ತದೆ. 50 ಮೀಟರ್ ಟಾರ್ಗೆಟಿನ ಕಪ್ಪು 112.4 ಮಿಲಿಮೀಟರ್ ಅಗಲ. ಅದನ್ನು ಅರ್ಧ ಮಾಡಿ 56.2 ಮಿಲಿಮೀಟರಿಗೆ ಪ್ರಿಂಟ್ ಹಾಕಿಸು. ಆಗ 25ರಲ್ಲಿ ಕಾಣುವುದು 50ರಲ್ಲಿ ಕಂಡ ಹಾಗೇ ಇರುತ್ತದೆ. ಆ ಕಾಗದದ ಮೇಲೆ ನಡುವಿನಿಂದ 1 ಸೆಂಟಿಮೀಟರ್ ಮೇಲೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡು. ಗುರಿ ಕಪ್ಪಿನ ನಡುವಿಗೇ, ಗುಂಡು ಮಾತ್ರ ಆ ಚುಕ್ಕೆಯ ಸುತ್ತ ಬೀಳಬೇಕು.

ಒಂದು ಗುಂಡು ನೋಡಿ ಸೈಟ್ ತಿರುಗಿಸುವ ಚಾಳಿ ಇದ್ದರೆ ಇವತ್ತೇ ಬಿಡು. ಐದು ಗುಂಡು ಹಾಕು, ಎದ್ದು ಹೋಗಿ ನೋಡು, ಐದರ ಗುಂಪಿನ ನಡು ಎಲ್ಲಿದೆ ಎಂದು ಗುರುತು ಮಾಡು. ಇನ್ನೂ ಐದು. ಎರಡು ಗುಂಪಿನ ನಡುವೂ ಒಂದೇ ಕಡೆ ಇದ್ದರೆ ಮಾತ್ರ ಸ್ಕ್ರೂಗೆ ಕೈ ಹಾಕು. ನಾನು ಕಲಿಯುವ ಕಾಲದಲ್ಲಿ ಒಂದು ಮ್ಯಾಚಿನಲ್ಲಿ ಮೊದಲ ಗುಂಡು ಎಡಕ್ಕೆ ಹೋಯಿತೆಂದು ಸೈಟಿನ ಸ್ಕ್ರೂವನ್ನು ನಾಲ್ಕು ಕ್ಲಿಕ್ (ಟಕ್ ಎನ್ನುವ ನಾಲ್ಕು ಹೆಜ್ಜೆ) ಬಲಕ್ಕೆ ಹಾಕಿದೆ. ಎರಡನೆಯದು ಬಲಕ್ಕೆ ಹೋಯಿತು. ಮತ್ತೆ ಎಡಕ್ಕೆ. ಹತ್ತು ನಿಮಿಷ ಹಾಗೇ ಕಳೆಯಿತು. ಮೊದಲ ಗುಂಡು ತಪ್ಪಿದ್ದು ಸೈಟಿನಿಂದಲ್ಲ, ಉಸಿರು ಬಿಗಿಹಿಡಿದದ್ದರಿಂದ ಎಂದು ಕೋಚ್ ಆಮೇಲೆ ಹೇಳಿದರು. ಆ ದಿನ ಅತ್ತಿದ್ದು ನೆನಪಿದೆ.

ಕ್ಲಿಕ್ ಲೆಕ್ಕದಲ್ಲಿ ಒಂದು ಚಂದದ ಅನುಕೂಲ ಇದೆ. ಕ್ಲಿಕ್ ಅಂದರೆ ಕೋನ. ತುಂಬಾ ಸೈಟುಗಳಲ್ಲಿ ಒಂದು ಕ್ಲಿಕ್ಕಿಗೆ 25 ಮೀಟರಿನಲ್ಲಿ ಸುಮಾರು 1.8 ಮಿಲಿಮೀಟರ್ ಸರಿಯುತ್ತದೆ, 50ರಲ್ಲಿ 3.6. ಹಾಗಾಗಿ 50ರಲ್ಲಿ 22 ಮಿಲಿಮೀಟರ್ ಎತ್ತಲು ಆರು ಕ್ಲಿಕ್ ಬೇಕು, 25ರಲ್ಲಿ 11 ಎತ್ತಲೂ ಅದೇ ಆರು. ನಿನ್ನ ಸೈಟಿನದು ಬೇರೆ ಇರಬಹುದು, ಸುಮ್ನೆ ನಂಬಬೇಡ. ಶೆಡ್ಡಿನಲ್ಲಿ ಹತ್ತು ಕ್ಲಿಕ್ ತಿರುಗಿಸಿ ಒಂದು ಗುಂಪು ಹಾಕಿ ಎಷ್ಟು ಸರಿಯಿತು ಅಳೆ, ಹತ್ತರಿಂದ ಭಾಗಿಸು, ವಹಿಯಲ್ಲಿ ಬರೆದಿಡು. ಯಾವ ಕಡೆ ತಿರುಗಿಸಿದರೆ ಗುಂಡು ಯಾವ ಕಡೆ ಹೋಗುತ್ತದೆ ಅನ್ನುವುದನ್ನೂ ಬರೆ. ಎಲ್ಲ ಸೈಟುಗಳ ಬಾಣದ ಗುರುತಿಗೂ ಒಂದೇ ಅರ್ಥ ಇರುವುದಿಲ್ಲ. ಮ್ಯಾಚಿನಲ್ಲಿ ನೀನು ತಿರುಗಿಸಿದಷ್ಟೂ ಕೆಟ್ಟದ್ದು ಬಹುಶಃ ಇದಕ್ಕೇ ಇರಬೇಕು.

ಮಲಗಿಯೇ ಜೀರೋ ಮಾಡು, ಸ್ಲಿಂಗ್ (ತೋಳಿಗೂ ರೈಫಲಿಗೂ ಬಿಗಿಯುವ ಪಟ್ಟಿ) ಹಾಕಿಕೊಂಡೇ, ಮ್ಯಾಚಿನ ಜಾಕೆಟ್ ಹಾಕಿಕೊಂಡೇ. ಮರಳು ಚೀಲದ ಮೇಲೆ ರೈಫಲ್ ಇಟ್ಟು ಮಾಡಿದ ಜೀರೋ ಕೈಯಲ್ಲಿ ಹಿಡಿದಾಗ ಬೇರೆ ಕಡೆ ಹೋಗುತ್ತದೆ. ರೈಫಲ್ ಒಂದು ಪಕ್ಕಕ್ಕೆ ವಾಲಬಾರದು. ಗುಂಡಿನ ಬ್ರ್ಯಾಂಡು ಮಾತ್ರ ಅಲ್ಲ, ಡಬ್ಬಿಯ ಮೇಲಿನ ಲಾಟ್ ನಂಬರೂ ಒಂದೇ ಇರಲಿ. ನಳಿಕೆ ಒರೆಸಿದ ಮೇಲೆ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡ.

ಇಷ್ಟೆಲ್ಲ ಮಾಡಿದರೂ ನೀನು 50ರ ಹತ್ತಿರ ಬರುತ್ತೀಯ, 50ಕ್ಕೆ ಮುಟ್ಟುವುದಿಲ್ಲ. ಇದನ್ನು ಒತ್ತಿ ಹೇಳಬೇಕು. 25ರಲ್ಲಿ ಗುಂಪಿನ ನಡುವನ್ನು 3 ಮಿಲಿಮೀಟರ್ ತಪ್ಪಾಗಿ ಗುರುತಿಸಿದರೆ 50ರಲ್ಲಿ ಅದು 6. ಅಲ್ಲಿ ಹತ್ತರ ಸುತ್ತಿನ ಅಗಲವೇ 10.4 ಮಿಲಿಮೀಟರ್, ಒಂದೊಂದು ಸುತ್ತು ದಾಟಲು 8 ಮಿಲಿಮೀಟರ್ ಸಾಕು. 2 ಸೆಂಟಿಮೀಟರ್ ಕೆಳಗೆ ಅಂದರೆ ಪ್ರತಿ ಗುಂಡಿಗೂ ಹತ್ತರ ಬದಲು ಎಂಟೇ ಅಂಕ. ನಿನ್ನದೇ ಜಿಲ್ಲೆಯ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್ಕಿನಲ್ಲಿ 50 ಮೀಟರ್ ಪ್ರೋನಿನಲ್ಲಿ ವಿಶ್ವ ಚಾಂಪಿಯನ್ ಆದಾಗ 600ಕ್ಕೆ 597 ತೆಗೆದರು. ಅರವತ್ತು ಗುಂಡಿನಲ್ಲಿ ಕಳೆದುಕೊಂಡದ್ದು ಮೂರೇ ಅಂಕ! 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ಕೂಡ ನಿನ್ನ ಜಿಲ್ಲೆಯ ರಾಧಾನಗರಿ ಕಡೆಯವರು, ಅವರದ್ದೂ ಇದೇ 50 ಮೀಟರ್ ರೈಫಲ್. ಇಂಥ ನೆಲದಲ್ಲಿ ಹುಟ್ಟಿದವಳು ನೀನು, ಶೆಡ್ಡು ಗಿಡ್ಡ ಇದೆ ಎಂದು ಹಿಂಜರಿಯಬೇಡ.

ಗಾಳಿಯನ್ನಂತೂ ತಗಡಿನ ಶೆಡ್ಡು ಕಲಿಸುವುದೇ ಇಲ್ಲ. ಗಾಳಿಯ ತಳ್ಳಾಟವೂ ದೂರ ಎರಡು ಪಟ್ಟಾದರೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಕಬ್ಬಿನ ಗರಿ ಸದ್ದು ಮಾಡುವಷ್ಟು ಅಡ್ಡಗಾಳಿ ಇದ್ದರೆ 50ರಲ್ಲಿ ಗುಂಡು 1 ಸೆಂಟಿಮೀಟರಿಗೂ ಮಿಕ್ಕಿ ಪಕ್ಕಕ್ಕೆ ಹೋಗಬಹುದು. ಅದಕ್ಕೇ ಎಡ ಬಲದ ಜೀರೋವನ್ನು ಶೆಡ್ಡಿನಲ್ಲೇ ಮಾಡಿ ಭದ್ರವಾಗಿಡು, ಅಲ್ಲಿ ಗಾಳಿ ಇಲ್ಲ, ಅದೇ ನಿಜವಾದ ಎಡ ಬಲ. ಮ್ಯಾಚಿನಲ್ಲಿ ಗುಂಪು ಪಕ್ಕಕ್ಕೆ ಸರಿದರೆ ಮೊದಲು ಗಾಳಿಪಟ್ಟಿ (ಗಾಳಿಯ ದಿಕ್ಕು ತೋರಿಸಲು ರೇಂಜಿನಲ್ಲಿ ಕಟ್ಟಿದ ಬಟ್ಟೆ) ನೋಡು, ಆಮೇಲೆ ಸೈಟ್.

ಮ್ಯಾಚ್ ಶುರುವಾಗುವ ಮುಂಚೆ ತಯಾರಿಗೂ ಸೈಟರ್ (ಅಂಕಕ್ಕೆ ಸೇರದ, ಸೈಟ್ ನೋಡಿಕೊಳ್ಳುವ) ಗುಂಡುಗಳಿಗೂ ಸೇರಿ 15 ನಿಮಿಷ ಸಿಗುತ್ತದೆ. ಶೆಡ್ಡಿನಲ್ಲಿ ನಡುವಿಗೆ ಬೀಳುತ್ತಿದ್ದದ್ದನ್ನು ಆರು ಕ್ಲಿಕ್ ಎತ್ತಿ, ಅಂದರೆ ಆ ಪೆನ್ಸಿಲ್ ಚುಕ್ಕೆಗೆ ತಂದುಕೊಂಡು ಹೋದರೆ ಮೊದಲ ಐದು ಸೈಟರ್ ಒಂಬತ್ತು ಹತ್ತರ ಸುತ್ತಲೇ ಇರುತ್ತವೆ, ಉಳಿದದ್ದನ್ನು ಒಂದೆರಡು ಕ್ಲಿಕ್ಕಿನಲ್ಲಿ ಮುಗಿಸಬಹುದು. 50ರಲ್ಲಿ ನಡುವಿಗೆ ಬಂದ ಮೇಲೆ ಸೈಟ್ ಮುಟ್ಟದೆ ವಾಪಸ್ ಬಾ. ಮರುದಿನ ಶೆಡ್ಡಿನಲ್ಲಿ ಅದೇ ಸೈಟಿನಲ್ಲಿ ಎರಡು ಗುಂಪು ಹಾಕು. ಅವು ಎಲ್ಲಿ ಬೀಳುತ್ತವೋ ಅಲ್ಲೇ ಹೊಸ ಪೆನ್ಸಿಲ್ ಚುಕ್ಕೆ. ಆಮೇಲೆ ನನ್ನ ಲೆಕ್ಕವೂ ಬೇಡ, ಬೇರೆಯವರದ್ದೂ ಬೇಡ. ಮುಂದಿನ ಮ್ಯಾಚಿನ ಸ್ಕೋರ್ ಬರೆದು ಕಳಿಸು, ಕಾಯುತ್ತಿರುತ್ತೇನೆ.

ಪ್ರಶ್ನೆ: ಸೈನ್ಯದಲ್ಲಿ 25 ಮೀಟರಿನಲ್ಲಿ ಜೀರೋ ಮಾಡಿ 300 ಮೀಟರಿಗೆ ಹೊಡೆಯುತ್ತಾರೆ ಎಂದು ಕೇಳಿದ್ದೇನೆ. ನಿವೃತ್ತ ಹವಾಲ್ದಾರ್ ನಾನು, ಈಗ ಊರಲ್ಲಿ ಮಕ್ಕಳಿಗೆ .22 ಕಲಿಸುತ್ತೇನೆ. ಇದಕ್ಕೂ ಹಾಗೇ ಮಾಡಬಹುದಾ? (ಜತ್ತ ತಾಲ್ಲೂಕಿನಿಂದ)

ಉತ್ತರ: ಹವಾಲ್ದಾರ್ ಸಾಹೇಬರೇ, ನೀವು ಕೇಳಿದ್ದು ನಿಜ. ಅಮೆರಿಕದ ಎಂ16ಎ2 ರೈಫಲಿಗೆ ಹಾಗೇ ಮಾಡುತ್ತಿದ್ದರು. ಅದರ 5.56 ಗುಂಡು ಸೆಕೆಂಡಿಗೆ 900 ಮೀಟರಿಗೂ ಜಾಸ್ತಿ ವೇಗದಲ್ಲಿ ಹೋಗುತ್ತದೆ, ಸೈಟ್ ಕೂಡ ನಳಿಕೆಗಿಂತ 6 ಸೆಂಟಿಮೀಟರಿಗೂ ಮೇಲಿದೆ. ಹಾಗಾಗಿ ಗುಂಡು ಗೆರೆಯನ್ನು ಮೊದಲು ದಾಟುವುದು 25ರ ಹತ್ತಿರ, ಎರಡನೇ ಸಲ ದಾಟುವುದು 300ರ ಹತ್ತಿರ. ನಡುವೆ ಗುಂಡು ಗೆರೆಯಿಂದ ಒಂದು ಗೇಣಿನ ಹತ್ತಿರ ಮೇಲೆ ಹೋಗುತ್ತದೆ. ಆಳೆತ್ತರದ ಟಾರ್ಗೆಟಿಗೆ ಅದು ನಡೆಯುತ್ತದೆ, 10.4 ಮಿಲಿಮೀಟರಿನ ಹತ್ತಕ್ಕೆ ನಡೆಯುವುದಿಲ್ಲ. .22 ಗುಂಡಿನ ವೇಗ ಅದರ ಮೂರನೇ ಒಂದರಷ್ಟು, 25ರಲ್ಲಿ ಸರಿಮಾಡಿ 300ಕ್ಕೆ ಬಿಟ್ಟರೆ ಟಾರ್ಗೆಟಿಗೆ ಎಷ್ಟೋ ಮುಂಚೆ ನೆಲಕ್ಕೆ ಬೀಳುತ್ತದೆ. ಮಕ್ಕಳಿಗೆ 25, 50 ಎರಡೇ ಸಾಕು.

ಪ್ರಶ್ನೆ: ಮಗನಿಗೆ ಕ್ಲಬ್ಬಿನಲ್ಲಿ 10 ಮೀಟರ್ ಏರ್ ರೈಫಲ್ ಕಲಿಸುತ್ತಿದ್ದಾರೆ. ಮನೆಯ ಪಡಸಾಲೆ 5 ಮೀಟರ್ ಮಾತ್ರ. ಏನಾದರೂ ಮಾಡಬಹುದಾ? (ಅಕ್ಕಲಕೋಟದಿಂದ)

ಉತ್ತರ: ಮಾಡಬಹುದು, ಪೆಲೆಟ್ (ಏರ್ ರೈಫಲಿನ ಸಣ್ಣ ಗುಂಡು) ಹಾಕದೆ. ಬರೀ ಗುರಿ ಹಿಡಿದು ಟ್ರಿಗರ್ ಒತ್ತುವ ಅಭ್ಯಾಸ. ಟಾರ್ಗೆಟ್ ಅರ್ಧ ಮಾಡುವ ಮೇಲಿನ ಲೆಕ್ಕವೇ ಇಲ್ಲೂ: 10 ಮೀಟರಿನ ಕಪ್ಪು 30.5 ಮಿಲಿಮೀಟರ್, 5 ಮೀಟರಿಗೆ 15ಕ್ಕಿಂತ ಒಂದು ಕೂದಲು ಜಾಸ್ತಿ. ಬಿಳಿ ಹಾಳೆಯ ಮೇಲೆ ಅಷ್ಟು ಅಗಲದ ಕಪ್ಪು ಚುಕ್ಕೆ ಹಾಕಿ ಗೋಡೆಗೆ ಅಂಟಿಸಿ. ಮ್ಯಾಚಿನಲ್ಲಿ ಟಾರ್ಗೆಟ್ ನೆಲದಿಂದ 1.4 ಮೀಟರ್ ಎತ್ತರದಲ್ಲಿರುತ್ತದೆ, ನೀವೂ ಅಷ್ಟೇ ಎತ್ತರಕ್ಕೆ ಅಂಟಿಸಿ. ಖಾಲಿ ಟ್ರಿಗರ್ ಒತ್ತುವ ವ್ಯವಸ್ಥೆ ಆ ರೈಫಲಿನಲ್ಲಿ ಇದೆಯಾ ಎಂದು ಕೋಚನ್ನು ಕೇಳಿಕೊಳ್ಳಿ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿ, ಬೀಗದೊಳಗೆ ಇರಲಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ನಿಲ್ಲಿಸಿದರೆ ಎಳೆ ಹುಡುಗರ ಸೊಂಟ ನೋಯುತ್ತದೆ.