ಕ್ರೀಡಾಂಗಣದ ಭದ್ರತಾ ತಪಾಸಣೆಯನ್ನು ಅಭಿಮಾನಿಗಳು ನಿಜವಾಗಿಯೂ ವಿರೋಧಿಸುತ್ತಾರೆಯೇ?

ಸುರಕ್ಷತೆ ಎಂಬುದು ಅಭಿಮಾನಿಗಳ ಒಳಿತಿಗಾಗಿಯೇ ಇರುವಾಗ, ಬ್ಯಾಗು ತಪಾಸಣೆ, ಮೆಟಲ್ ಡಿಟೆಕ್ಟರ್, ಟಿಕೆಟ್ ನಿಯಮ ಎಂದೊಡನೆ ಅವರು ಸಿಡಿಮಿಡಿಗೊಳ್ಳುವುದೇಕೆ, ಇದು ಬರೀ ಬೇಜವಾಬ್ದಾರಿಯಲ್ಲವೇ ಎಂದು ನೀವು ಕೇಳಿದ್ದೀರಿ. ಇಂಥ ನಿಯಮಗಳನ್ನು ರೂಪಿಸುವಾಗ ಅಭಿಮಾನಿಗಳ ಅಭಿಪ್ರಾಯ ಕೇಳುವುದರಿಂದ ಪ್ರಯೋಜನವಿದೆಯೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ನಾನು ಬಹುಕಾಲದಿಂದ ಸ್ಟ್ಯಾಂಡಿನಲ್ಲಿ ಕುಳಿತು ಪಂದ್ಯ ನೋಡುತ್ತ ಬಂದವನು. ಗೇಟಿನ ಬಳಿ ನಡೆದ ದುರಂತಗಳ ತನಿಖಾ ವರದಿಗಳನ್ನೂ ಆಸ್ಥೆಯಿಂದ ಓದಿದ್ದೇನೆ. ತಪಾಸಣೆ ಬೇಡವೆನ್ನುವ ಅಭಿಮಾನಿ ನನಗೆ ಕಂಡದ್ದು ತೀರ ಕಡಿಮೆ. ಅವರನ್ನು ಕೆರಳಿಸುವುದು ಬೇರೆಯದೇ ಒಂದು ಸಂಗತಿ: ಈ ವ್ಯವಸ್ಥೆ ನನ್ನನ್ನು ಕಾಪಾಡಲು ನಿಂತಿದೆಯೋ, ನನ್ನಿಂದ ಇತರರನ್ನು ಕಾಪಾಡಲು ನಿಂತಿದೆಯೋ ಎಂಬುದು ಗೇಟಿನ ಮುಂದೆ ನಿಂತವನಿಗೆ ಕೆಲವೇ ನಿಮಿಷಗಳಲ್ಲಿ ತಿಳಿದುಬಿಡುತ್ತದೆ.

ಮೊದಲು, ಅಭಿಮಾನಿಗಳು ಬಿಗಿ ವ್ಯವಸ್ಥೆಯನ್ನು ತಾವೇ ಬಯಸುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2021ರ ಜುಲೈ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಯೂರೋ ಫುಟ್‌ಬಾಲ್ ಫೈನಲ್‌ಗೆ ಟಿಕೆಟ್ ಇಲ್ಲದ ಸುಮಾರು 2,000 ಮಂದಿ ಒಳನುಗ್ಗಿದರೆಂದು ಆಮೇಲೆ ನಡೆದ ಸ್ವತಂತ್ರ ಪರಿಶೀಲನೆ ಹೇಳಿತು. ಗೇಟುಗಳನ್ನು ಗುಂಪು ಗುಂಪಾಗಿ ಭೇದಿಸಿದ 17 ಪ್ರಸಂಗಗಳನ್ನು ಅದು ಗುರುತಿಸಿತು. ನುಗ್ಗಿದವರು ವಿಶೇಷವಾಗಿ ಆರಿಸಿಕೊಂಡದ್ದು ಅಂಗವಿಕಲರ ಪ್ರವೇಶಕ್ಕೆಂದು ಮೀಸಲಿದ್ದ ದ್ವಾರಗಳನ್ನು. ಏಕೆಂದರೆ ಗಾಲಿಕುರ್ಚಿ ಒಳಹೋಗಲು ಅವು ಅಗಲವಾಗಿ ತೆರೆದುಕೊಳ್ಳುತ್ತಿದ್ದವು. ಹಣ ಕೊಟ್ಟು, ತಿಂಗಳುಗಟ್ಟಲೆ ಕಾದು, ಮಕ್ಕಳನ್ನು ಕರೆದುಕೊಂಡು ಬಂದವರು ತಮ್ಮ ಆಸನದಲ್ಲಿ ಅಪರಿಚಿತರು ನಿಂತಿರುವುದನ್ನು ಕಂಡರು. ಅಂದು ಭದ್ರತೆ ಹೆಚ್ಚಾಯಿತೆಂದು ಅವರ್ಯಾರೂ ದೂರಲಿಲ್ಲ. ಸಾಲದಾಯಿತೆಂಬುದೇ ಅವರ ದೂರಾಗಿತ್ತು. ಪ್ರವೇಶದ ಶಿಸ್ತು ಸಡಿಲವಾದಾಗ ಮೊದಲ ಪೆಟ್ಟು ಬೀಳುವುದು ಸ್ಟ್ಯಾಂಡಿನಲ್ಲಿರುವ ದುರ್ಬಲರಿಗೆ ಎಂಬುದು ನಿಯಮಿತವಾಗಿ ಪಂದ್ಯಕ್ಕೆ ಹೋಗುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಸಿಟ್ಟು ಎಲ್ಲಿಂದ ಬರುತ್ತದೆ? ಇದನ್ನು ಅರ್ಥಮಾಡಿಕೊಳ್ಳಲು 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನಡೆದುದನ್ನು ತುಸು ವಿವರವಾಗಿ ನೋಡಲೇಬೇಕು. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ನಡುವಿನ ಎಫ್‌ಎ ಕಪ್ ಸೆಮಿಫೈನಲ್ ಅದು. ನಿಂತು ನೋಡುವ ಪಶ್ಚಿಮ ಭಾಗಕ್ಕೆ ಬರಬೇಕಿದ್ದ 10,100 ಮಂದಿ ಲಿವರ್‌ಪೂಲ್ ಅಭಿಮಾನಿಗಳಿಗೆ ಮೀಸಲಿಟ್ಟಿದ್ದುದು ಬರೀ 7 ಟರ್ನ್‌ಸ್ಟೈಲ್‌ಗಳು, ಅಂದರೆ ಒಬ್ಬೊಬ್ಬರನ್ನೇ ಬಿಡುವ ತಿರುಗುಗೇಟುಗಳು. ಒಂದು ಗೇಟಿನಲ್ಲಿ ಗಂಟೆಗೆ ಗರಿಷ್ಠ 660 ಮಂದಿಯ ಲೆಕ್ಕ ಹಿಡಿಯಬೇಕೆಂದು ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗದರ್ಶಿ ಈಗ ಹೇಳುತ್ತದೆ. ಆ ಲೆಕ್ಕದಲ್ಲಿ 7 ಗೇಟುಗಳಿಂದ ಒಂದು ಗಂಟೆಗೆ 4,620 ಮಂದಿ ಮಾತ್ರ ಒಳಹೋಗಬಲ್ಲರು. ಎಲ್ಲರೂ ಒಳಸೇರಲು ಎರಡು ಗಂಟೆಗೂ ಹೆಚ್ಚು ಹೊತ್ತು ಬೇಕು. ಪಂದ್ಯದ ವೇಳೆ ಹತ್ತಿರವಾದಂತೆ ಹೊರಗೆ ಜನರ ಒತ್ತಡ ಮಿತಿಮೀರಿತು, ಪೊಲೀಸರು ಒಂದು ದೊಡ್ಡ ನಿರ್ಗಮನ ದ್ವಾರವನ್ನು ತೆರೆಸಿದರು, ಒಳಬಂದವರೆಲ್ಲ ಎದುರಿಗೇ ಕಂಡ ಸುರಂಗದ ಮೂಲಕ ಆಗಲೇ ತುಂಬಿ ತುಳುಕುತ್ತಿದ್ದ ನಡುವಣ ಆವರಣಗಳಿಗೆ ಹೋದರು. ಮುಂದೆ ಎತ್ತರದ ಕಬ್ಬಿಣದ ಬೇಲಿಯಿತ್ತು. ಅಭಿಮಾನಿಗಳು ಮೈದಾನಕ್ಕೆ ನುಗ್ಗಬಾರದೆಂದು, ಭದ್ರತೆಯ ಹೆಸರಿನಲ್ಲೇ, ಹಾಕಿದ್ದ ಬೇಲಿ ಅದು. ಆ ದಿನದ ನೂಕುನುಗ್ಗಲು ಒಟ್ಟು 97 ಜನರ ಪ್ರಾಣ ತೆಗೆಯಿತು.

ನನ್ನನ್ನು ಇಂದಿಗೂ ಕಾಡುವುದು ಅದಾದ ಮೇಲಿನ ಕಥೆ. ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರೆಂದು ಅಂದಿನ ಪೊಲೀಸ್ ಅಧಿಕಾರಿ ಸುಳ್ಳು ಹೇಳಿದರು. ಕುಡಿದವರು, ಟಿಕೆಟ್ ಇಲ್ಲದವರು, ತಡವಾಗಿ ಬಂದವರು ಎಂಬ ಮಾತುಗಳು ಸತ್ತವರ ಮೇಲೆಯೇ ಬಿದ್ದವು. ಪೊಲೀಸ್ ನಿಯಂತ್ರಣದ ವೈಫಲ್ಯವೇ ಮುಖ್ಯ ಕಾರಣವೆಂದು ನ್ಯಾಯಮೂರ್ತಿ ಟೇಲರ್ ಅದೇ ವರ್ಷ ಸ್ಪಷ್ಟವಾಗಿ ಬರೆದರೂ ಕಳಂಕ ತೊಳೆದುಹೋಗಲಿಲ್ಲ. ಸತ್ತವರದು ಕಾನೂನುಬಾಹಿರ ಹತ್ಯೆ, ಅಭಿಮಾನಿಗಳ ನಡವಳಿಕೆ ಅದಕ್ಕೆ ಕಾರಣವಲ್ಲ ಎಂದು ಸಾವುಗಳ ವಿಚಾರಣೆಯ ಜ್ಯೂರಿ ತೀರ್ಮಾನಿಸುವ ಹೊತ್ತಿಗೆ 2016 ಬಂದಿತ್ತು. ಬೇಲಿಯನ್ನು ಹಾಕಿದ ಮನಸ್ಸೇ ಆಮೇಲೆ ಆ ಸುಳ್ಳನ್ನೂ ನಂಬಿತು. ಗುಂಪನ್ನು ಅಪಾಯವೆಂದೇ ಕಾಣುವವರಿಗೆ, ಆ ಗುಂಪು ಅಪಾಯಕ್ಕೆ ಸಿಲುಕಿರುವುದು ಕಣ್ಣೆದುರಿಗಿದ್ದರೂ ಕಾಣುವುದಿಲ್ಲ.

ಇದು ಹಳೆಯ ಮಾತು, ಈಗ ಎಲ್ಲ ಬದಲಾಗಿದೆ ಎನ್ನುವವರಿದ್ದಾರೆ. ಬೇಲಿಗಳು ಹೋಗಿವೆ, ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಆಸನ ಬಂದಿದೆ, ಇದು ನಿಜ. ಆದರೆ 2022ರ ಮೇ 28ರಂದು ಪ್ಯಾರಿಸ್ ಹೊರವಲಯದ ಸ್ಟಾಡ್ ದ ಫ್ರಾನ್ಸ್ ಕ್ರೀಡಾಂಗಣದಲ್ಲಿ ಅದೇ ಲಿವರ್‌ಪೂಲ್ ತಂಡ ಆಡಿದ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್‌ನ ಕಥೆ ಹೆಚ್ಚು ಬೇರೆಯಾಗಿರಲಿಲ್ಲ. ಟಿಕೆಟ್ ಪರಿಶೀಲನೆಯ ಮೊದಲ ಹಂತವನ್ನು ಇಕ್ಕಟ್ಟಾದ ದಾರಿಯೊಂದರಲ್ಲಿ ಇಟ್ಟಿದ್ದರಿಂದ ಸಾವಿರಾರು ಜನ ಅಲ್ಲಿ ಸಿಕ್ಕಿಕೊಂಡರು, ಪಂದ್ಯ 36 ನಿಮಿಷ ತಡವಾಗಿ ಆರಂಭವಾಯಿತು, ಸಾಲಿನಲ್ಲಿ ನಿಂತಿದ್ದ ಕುಟುಂಬಗಳ ಮೇಲೂ ಅಶ್ರುವಾಯು ಹರಡಿತು. ಮೂವತ್ತರಿಂದ ನಲವತ್ತು ಸಾವಿರ ಮಂದಿ ನಕಲಿ ಟಿಕೆಟ್ ಹಿಡಿದು ಅಥವಾ ಟಿಕೆಟ್ಟೇ ಇಲ್ಲದೆ ಬಂದಿದ್ದರೆಂದು ಅಲ್ಲಿನ ಸರ್ಕಾರ ಕೂಡಲೇ ಹೇಳಿತು. 2023ರ ಫೆಬ್ರವರಿಯಲ್ಲಿ ಪ್ರಕಟವಾದ ಸ್ವತಂತ್ರ ವರದಿ ಈ ವಾದವನ್ನು ಒಪ್ಪಲಿಲ್ಲ. ಮುಖ್ಯ ಹೊಣೆ ಸಂಘಟಕ ಸಂಸ್ಥೆಯಾದ ಯುಇಎಫ್ಎಯದು ಎಂದಿತು. ಅಂದು ಯಾರೂ ಸಾಯದೆ ಉಳಿದದ್ದೇ ಆಶ್ಚರ್ಯವೆಂಬ ಅರ್ಥದ ಮಾತು ಅದರಲ್ಲಿದೆ. ಹಿಲ್ಸ್‌ಬರೋ ಬಗೆಗಿನ ತಪ್ಪು ಕಲ್ಪನೆಗಳೇ ಪೊಲೀಸರ ಸಿದ್ಧತೆಯನ್ನು ರೂಪಿಸಿದ್ದವೆಂದೂ ಆ ವರದಿ ಗುರುತಿಸಿತು. ಮೂವತ್ತಮೂರು ವರ್ಷಗಳ ಹಿಂದಿನ ಸುಳ್ಳೊಂದು ಗಡಿ ದಾಟಿ ಬಂದು, ಆಗಿನ್ನೂ ಹುಟ್ಟಿರದ ಮಕ್ಕಳ ಕಣ್ಣಿಗೆ ಅಶ್ರುವಾಯು ತುಂಬಿತು. ಅಭಿಮಾನಿಗಳ ಗೊಣಗಾಟವನ್ನು ಬೇಜವಾಬ್ದಾರಿ ಎನ್ನುವ ಮೊದಲು ಇದನ್ನು ನೆನೆಯಬೇಕೆಂದು ನಿಮ್ಮಲ್ಲಿ ನನ್ನ ವಿನಂತಿ.

ಭಯೋತ್ಪಾದನೆಯ ಅಪಾಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2015ರ ನವೆಂಬರ್ 13ರ ರಾತ್ರಿ ಇದೇ ಸ್ಟಾಡ್ ದ ಫ್ರಾನ್ಸ್‌ನ ಹೊರಗೆ ಮೂವರು ಆತ್ಮಾಹುತಿ ದಾಳಿಕೋರರು ತಮ್ಮನ್ನು ಸ್ಫೋಟಿಸಿಕೊಂಡರು. ಒಳಗೆ ಪಂದ್ಯ ನಡೆಯುತ್ತಿತ್ತು. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ ಸಂಗೀತ ಕಾರ್ಯಕ್ರಮ ಮುಗಿಸಿ ಹೊರಬರುತ್ತಿದ್ದ 22 ಮಂದಿಯನ್ನು ಕೊಂದ ಬಾಂಬು ಸ್ಫೋಟಿಸಿದ್ದು ಕೂಡ ತಪಾಸಣೆಯ ಗೆರೆಯಿಂದಾಚೆಯ ಮೊಗಸಾಲೆಯಲ್ಲಿ. ಈ ಎರಡು ಘಟನೆಗಳಿಂದ ನನಗೆ ಮನವರಿಕೆಯಾದದ್ದು, ತಪಾಸಣೆ ಎಷ್ಟು ಅಗತ್ಯವೋ ತಪಾಸಣೆಗಾಗಿ ಕಾಯುವ ಜನರ ರಕ್ಷಣೆಯೂ ಅಷ್ಟೇ ಅಗತ್ಯ ಎಂಬುದು. ಗೇಟಿನ ಹೊರಗೆ ಗಂಟೆಗಟ್ಟಲೆ ನಿಂತ ಉದ್ದನೆಯ ಸಾಲು ಸ್ವತಃ ಒಂದು ಗುರಿ. ಆದ್ದರಿಂದ ಸಾಲು ನಿಧಾನವಾಗಿದೆಯೆಂದು ದೂರುವವನನ್ನು ತಾಳ್ಮೆಯಿಲ್ಲದವನೆಂದು ತಳ್ಳಿಹಾಕಲಾಗದು. ಅವನು ಭದ್ರತೆಯ ಲೋಪವನ್ನೇ ತೋರಿಸುತ್ತಿರಬಹುದು. ಮ್ಯಾಂಚೆಸ್ಟರ್ ದುರಂತದ ಬಳಿಕ, ಮಡಿದವರೊಬ್ಬರ ತಾಯಿ ವರ್ಷಗಟ್ಟಲೆ ಹೋರಾಡಿದ್ದರಿಂದ 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಒಂದು ಕಾನೂನು ಬಂತು. 200 ಅಥವಾ ಹೆಚ್ಚು ಜನ ಸೇರುವ ಸ್ಥಳಗಳು ದಾಳಿಗೆ ಸಿದ್ಧತೆ ಮಾಡಿಕೊಂಡಿರಬೇಕೆಂದು ಅದು ವಿಧಿಸುತ್ತದೆ. ಒತ್ತಾಯ ಬಂದದ್ದು ಜನರ ಕಡೆಯಿಂದಲೇ ಎಂಬುದನ್ನು ಗಮನಿಸಿ.

ನಿಯಮದ ಸ್ಪಷ್ಟತೆಯ ವಿಷಯ ಸಣ್ಣದಾಗಿ ಕಂಡರೂ ಅದರ ಪರಿಣಾಮ ದೊಡ್ಡದು. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ 2013ರಲ್ಲಿ ಪಾರದರ್ಶಕ ಬ್ಯಾಗಿನ ನಿಯಮ ತಂದಾಗ, ಮುಖ್ಯವಾಗಿ ಮಹಿಳೆಯರಿಂದ, ಸಾಕಷ್ಟು ಆಕ್ಷೇಪ ಬಂದಿತ್ತು. ಕೈಚೀಲದಲ್ಲಿ ಏನಿದೆಯೆಂದು ಊರಿಗೆಲ್ಲ ತೋರಿಸುತ್ತ ನಡೆಯಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಆ ನಿಯಮದಲ್ಲಿ ಒಂದು ಗುಣವಿತ್ತು. 12 ಇಂಚು ಅಗಲ, 12 ಇಂಚು ಎತ್ತರ, 6 ಇಂಚು ದಪ್ಪದ ಚೀಲಕ್ಕೆ ಅವಕಾಶವೆಂದು ಅಳತೆಯನ್ನೇ ಹೇಳಿದ್ದರಿಂದ ಮನೆ ಬಿಡುವ ಮೊದಲೇ ಎಲ್ಲರಿಗೂ ನಿಯಮ ತಿಳಿದಿರುತ್ತಿತ್ತು, ಲೀಗಿನ ಯಾವ ಮೈದಾನಕ್ಕೆ ಹೋದರೂ ಅದೇ ನಿಯಮವಿತ್ತು. ಇದಕ್ಕೆ ಬದಲಾಗಿ, ಒಂದು ಗೇಟಿನಲ್ಲಿ ಬಿಟ್ಟ ವಸ್ತುವನ್ನು ಪಕ್ಕದ ಗೇಟಿನಲ್ಲಿ ಕಸಿದುಕೊಂಡರೆ, ಕಳೆದ ವಾರ ಒಳಬಂದ ಬಾವುಟವನ್ನು ಈ ವಾರ ಕಾರಣ ಹೇಳದೆ ಕಸದ ಬುಟ್ಟಿಗೆ ಹಾಕಿದರೆ, ಅತ್ಯಂತ ಶಿಸ್ತಿನ ಅಭಿಮಾನಿಗೂ ಸಿಟ್ಟು ಬರುತ್ತದೆ. ನೀರಿನ ಬಾಟಲಿಯನ್ನು ಸುರಕ್ಷತೆಯ ಹೆಸರಿನಲ್ಲಿ ತೆಗೆದುಕೊಂಡು ಒಳಗೆ ಅದೇ ಬಾಟಲಿಯನ್ನು ದುಬಾರಿ ಬೆಲೆಗೆ ಮಾರುವುದಂತೂ ಇಡೀ ವ್ಯವಸ್ಥೆಯ ಮೇಲಿನ ನಂಬಿಕೆಯನ್ನೇ ಹಾಳುಮಾಡುತ್ತದೆ. ಒಂದು ನಿಯಮದ ಹಿಂದೆ ವ್ಯಾಪಾರವಿದೆಯೆಂದು ಜನರಿಗೆ ಅನ್ನಿಸಿದರೆ, ಪ್ರಾಣ ಉಳಿಸುವ ಮತ್ತೊಂದು ನಿಯಮವನ್ನೂ ಅವರು ಅದೇ ಕಣ್ಣಿನಿಂದ ನೋಡತೊಡಗುತ್ತಾರೆ.

ಮೈ ಮುಟ್ಟಿ ನಡೆಸುವ ತಪಾಸಣೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಹಿಳೆಯರನ್ನು ತಪಾಸಿಸಲು ಮಹಿಳಾ ಸಿಬ್ಬಂದಿ ಸಾಕಷ್ಟಿರಬೇಕು, ಇನ್ಸುಲಿನ್ ಸಿರಿಂಜು ಹಿಡಿದು ಬಂದವರನ್ನು ಎಲ್ಲರೆದುರು ವಿಚಾರಿಸಬಾರದು, ಗಾಲಿಕುರ್ಚಿಯವರಿಗೆ ಪ್ರತ್ಯೇಕ ದಾರಿಯಿರಬೇಕು. ಇವು ಕನಿಷ್ಠ ಮರ್ಯಾದೆಯ ವಿಷಯಗಳು.

ನನಗೆ ನಿಜವಾಗಿ ಆತಂಕ ತರುವುದು ಮುಖ ಗುರುತಿಸುವ ಕ್ಯಾಮೆರಾಗಳು. ಡೆನ್ಮಾರ್ಕಿನ ಬ್ರೊಂಡ್ಬಿ ಫುಟ್‌ಬಾಲ್ ಕ್ಲಬ್ಬು 2019ರಿಂದ, ದತ್ತಾಂಶ ರಕ್ಷಣಾ ಪ್ರಾಧಿಕಾರದ ಅನುಮತಿ ಪಡೆದು, ನಿಷೇಧಿತ ವ್ಯಕ್ತಿಗಳನ್ನು ಗೇಟಿನಲ್ಲೇ ಗುರುತಿಸಲು ಅದನ್ನು ಬಳಸಿತು. ಉದ್ದೇಶ ಸೀಮಿತವಾಗಿತ್ತು, ಮೇಲೆ ಪ್ರಾಧಿಕಾರದ ಕಾವಲಿತ್ತು. ಫಿಲಡೆಲ್ಫಿಯಾದ ಬೇಸ್‌ಬಾಲ್ ಮೈದಾನದಲ್ಲಿ 2023ರಲ್ಲಿ ಒಪ್ಪಿದವರಿಗೆ ಮಾತ್ರ ಮುಖ ತೋರಿಸಿ ಟಿಕೆಟ್ ಇಲ್ಲದೆ ನಡೆದುಹೋಗುವ ದಾರಿ ಮಾಡಿಕೊಟ್ಟರು. ಅಂಥ ವೇಗವನ್ನು ಅನೇಕರು ಇಷ್ಟಪಡುತ್ತಾರೆ, ನಾನೂ ಅಲ್ಲಗಳೆಯುವುದಿಲ್ಲ. ಆದರೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಒಳಾಂಗಣ ಕ್ರೀಡಾಂಗಣದ ಮಾಲೀಕ ಸಂಸ್ಥೆ, ತನ್ನ ವಿರುದ್ಧ ಮೊಕದ್ದಮೆ ನಡೆಸುತ್ತಿದ್ದ ಕಾನೂನು ಕಚೇರಿಗಳ ವಕೀಲರನ್ನು ಹೊರಗಿಡಲು ಅದೇ ತಂತ್ರಜ್ಞಾನವನ್ನು ಬಳಸಿದ್ದು 2022ರಲ್ಲಿ ಬೆಳಕಿಗೆ ಬಂತು. ಆ ವಕೀಲರು ಯಾರಿಗೂ ಅಪಾಯವಾಗಿರಲಿಲ್ಲ. ಸುರಕ್ಷತೆಗೆಂದು ತಂದ ಸಾಧನ ಮಾಲೀಕನ ಹಗೆ ತೀರಿಸಲು ಒದಗಿತು. ಆದ್ದರಿಂದ ಹೊಸ ಯಂತ್ರ ಬಂದಾಗ ಅಭಿಮಾನಿ ಸಂಘಗಳು ಕೇಳುವ ಪ್ರಶ್ನೆಗಳಿಗೆ, ಅಂದರೆ ಚಿತ್ರವನ್ನು ಎಷ್ಟು ದಿನ ಇಡುತ್ತೀರಿ, ಯಾರಿಗೆ ಕೊಡುತ್ತೀರಿ, ತಪ್ಪಾಗಿ ಗುರುತಿಸಿದರೆ ಮೇಲ್ಮನವಿ ಎಲ್ಲಿ ಎಂಬುದಕ್ಕೆ, ಬರಹದಲ್ಲಿ ಉತ್ತರ ಸಿಗುವವರೆಗೂ ಅವರ ಅನುಮಾನ ಸರಿಯಾದದ್ದೇ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಅಭಿಪ್ರಾಯ ಕೇಳುವುದರಿಂದ ಖಂಡಿತ ಪ್ರಯೋಜನವಿದೆ, ಆದರೆ ಹೇಗೆ ಕೇಳುತ್ತಾರೆಂಬುದರ ಮೇಲೆ ಅದು ನಿಂತಿದೆ. ನಿಮಗೆ ಸುರಕ್ಷತೆ ಬೇಕೇ ಎಂದು ಕೇಳಿದರೆ ಬೇಡವೆನ್ನುವವರಿಲ್ಲ. ಅಂಥ ಸಮೀಕ್ಷೆಯನ್ನು ಮುಂದಿಟ್ಟುಕೊಂಡು ಯಾವ ನಿಯಮವನ್ನಾದರೂ ಸಮರ್ಥಿಸಬಹುದು. ಯಾವ ಗೇಟಿನಲ್ಲಿ, ಪಂದ್ಯಕ್ಕೆ ಎಷ್ಟು ಮುಂಚೆ ಬಂದಿರಿ, ಎಷ್ಟು ಹೊತ್ತು ಕಾದಿರಿ, ಒತ್ತಡದಲ್ಲಿ ಉಸಿರು ಕಟ್ಟಿದಂತಾಯಿತೇ, ಏನನ್ನು ಕಸಿದುಕೊಂಡರು, ಕಾರಣ ಹೇಳಿದರೇ ಎಂದು ಪಂದ್ಯ ಮುಗಿದ ಮರುದಿನವೇ ಕೇಳಬೇಕು. ಎದುರಾಳಿ ತಂಡದ ಅಭಿಮಾನಿಗಳನ್ನು ತಪ್ಪದೆ ಕೇಳಬೇಕು. ಇಕ್ಕಟ್ಟಾದ ಗೇಟು ಮತ್ತು ಕಠೋರ ಮಾತು ಹೆಚ್ಚಾಗಿ ಸಿಗುವುದು ಅವರಿಗೆ, ಮತ್ತು ಆತಿಥೇಯ ಕ್ಲಬ್ಬಿನ ಸಮೀಕ್ಷೆಗಳಲ್ಲಿ ಅವರ ದನಿ ಬಹುತೇಕ ಇರುವುದೇ ಇಲ್ಲ. ಬಂದ ಉತ್ತರಗಳನ್ನು ಗೇಟುವಾರು ವಿಂಗಡಿಸಿ, ಮುಂದಿನ ಪಂದ್ಯಕ್ಕೆ ಏನು ಬದಲಾಯಿಸಿದ್ದೇವೆಂದು ಪ್ರಕಟಿಸಿದರೆ ಎರಡನೆಯ ಸಲ ಇನ್ನೂ ಹೆಚ್ಚು ಜನ ಉತ್ತರಿಸುತ್ತಾರೆ.