ನಟನ ಮುಖದಿಂದ ಅಳತೆ ಶುರುಮಾಡಿ

ಪತ್ರ: ಮಾನ್ಯ ಸಂಪಾದಕರೇ, ಮಲೆನಾಡಿನ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ರಂಗವಿನ್ಯಾಸ ಪಾಠ ಮಾಡಲು ತೊಡಗಿ ಒಂದು ವರ್ಷವಾಯಿತು. ತರಗತಿಯಲ್ಲಿ ಹದಿನೇಳು ಮಕ್ಕಳು. ನಮಗಿರುವುದು ಒಂದು ಸೆಮಿನಾರ್ ಹಾಲ್, ಎರಡು ಹ್ಯಾಲೊಜೆನ್ ದೀಪ. ವರ್ಷದ ಕೊನೆಗೆ, ಮೊದಲು ರಟ್ಟಿನಲ್ಲಿ ಪುಟ್ಟ ಮಾಡೆಲ್ಲು ಮಾಡಿಕೊಂಡು, ಬಿದಿರು, ಅಡಿಕೆ ಹಾಳೆ, ಗೋಣಿತಾಟಿನಲ್ಲಿ ಒಂದು ಏಕಾಂಕಕ್ಕೆ ಸೆಟ್ ಕಟ್ಟಿದೆವು. ನೋಡಲು ಬಂದವರು ಕೆಲವೇ ಜನ. ಮರುವಾರ ಕಾಲೇಜ್ ಡೇಗೆ ಎಲ್‌ಇಡಿ ವಾಲ್ ಬಾಡಿಗೆಗೆ ಬಂತು, ಊರೇ ನೆರೆದು ಚಪ್ಪಾಳೆ ತಟ್ಟಿತು. "ಮ್ಯಾಮ್, ನಾವ್ಯಾಕೆ ರಟ್ಟು ಕತ್ತರಿಸ್ತಾ ಕೂತಿದ್ದೀವಿ?" ಎಂದು ಒಬ್ಬ ಹುಡುಗ ಕೇಳಿದ. ಉತ್ತರ ಹೊಳೆಯಲಿಲ್ಲ. ಮುಂದಿನ ವರ್ಷದಿಂದ ಮಾಡೆಲ್ಲು, ಕೈಚಿತ್ರ ಬಿಟ್ಟು ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕಲಿಸಲೇ? ನಾನೇನೂ ದೊಡ್ಡ ವಿನ್ಯಾಸಕಿಯಲ್ಲ, ಬರೀ ಟೀಚರ್. (ಹೆಸರು, ಊರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಮಾತಿನ ಮೇಲೆ ಮೊದಲು ಜಗಳ ತೆಗೆಯುತ್ತೇನೆ. "ಬರೀ ಟೀಚರ್" ಎಂದು ಇನ್ನೊಮ್ಮೆ ಬರೆಯಬೇಡಿ. ಎರಡು ದೀಪ, ಒಂದು ಹಾಲ್, ಒಂದಿಷ್ಟು ಅಡಿಕೆ ಹಾಳೆ ಇಟ್ಟುಕೊಂಡು ಹದಿನೇಳು ಮಕ್ಕಳ ಕೈಯಲ್ಲಿ ಒಂದು ರಂಗವನ್ನು ಕಟ್ಟಿಸಿದವರು ವಿನ್ಯಾಸಕಿಯಲ್ಲದೆ ಮತ್ತೇನು? ದೊಡ್ಡ ಊರಿನಲ್ಲಿ, ತುಂಬಿದ ಗೋದಾಮು ಬೆನ್ನಿಗಿದ್ದು ಕೆಲಸ ಮಾಡುವವರಿಗಿಂತ ನಿಮ್ಮ ಕೆಲಸ ಕಷ್ಟದ್ದು. ಅದನ್ನು ನೀವೇ ಕೀಳು ಮಾಡಿಕೊಂಡರೆ ಆ ಮಕ್ಕಳು ಯಾರನ್ನು ನೋಡಿ ಧೈರ್ಯ ತಂದುಕೊಳ್ಳಬೇಕು?

ಎಲ್‌ಇಡಿ, ಕಂಪ್ಯೂಟರ್ ಬೇಡವೆಂದು ನಾನು ಹೇಳುವುದಿಲ್ಲ. ನಿಮ್ಮ ಮಕ್ಕಳಲ್ಲಿ ನಾಲ್ಕಾರು ಜನ ನಾಳೆ ಈವೆಂಟ್ ಕಂಪನಿಗಳಲ್ಲೋ ಸಿನಿಮಾದ ಕಲಾವಿಭಾಗದಲ್ಲೋ ಅನ್ನ ಹುಡುಕಬೇಕು, ಅಲ್ಲಿ ಕಂಪ್ಯೂಟರ್ ನಕ್ಷೆ ಬಾರದಿದ್ದರೆ ನಡೆಯದು. ಕಣ್ಣು ಕುಕ್ಕುವ ದೃಶ್ಯ ನಮಗೆ ಹೊಸದೂ ಅಲ್ಲ. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು, ಜನ ಮುಗಿಬಿದ್ದು ನೋಡಿದರು. ಹಾಗಾಗಿ ಕೊನೆಯ ಸೆಮಿಸ್ಟರಿನಲ್ಲಿ ಕಂಪ್ಯೂಟರ್ ಕಲಿಸಿ. ಆದರೆ ಅಲ್ಲಿಂದ ಶುರುಮಾಡಬೇಡಿ.

ಆ ಹುಡುಗನ ಪ್ರಶ್ನೆಗೆ ಭರತ ಉತ್ತರ ಕೊಟ್ಟು ಎಷ್ಟೋ ಶತಮಾನವಾಯಿತು. ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ ತೆಗೆಯಿರಿ, ನಾಟಕಕಾರ ಶ್ರೀರಂಗರು ಅದನ್ನು ಕನ್ನಡಕ್ಕೆ ತಂದು ಕೊಟ್ಟಿದ್ದಾರೆ. ನಾಟ್ಯಮಂಟಪಕ್ಕೆ 108, 64, 32 ಹಸ್ತಗಳ ಮೂರು ಅಳತೆ ಹೇಳಿ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ್ದು ಸಾಕು ಎನ್ನುತ್ತಾನೆ. ಯಾಕೆ ಸಾಕು ಎಂಬ ಕಾರಣವನ್ನೂ ಕೊಡುತ್ತಾನೆ: ಇದಕ್ಕಿಂತ ದೊಡ್ಡದಾದರೆ ನಟನ ಮಾತು ಒಡೆದುಹೋಗುತ್ತದೆ, ಮುಖದ ಭಾವ ಕಾಣದೆ ಹೋಗುತ್ತದೆ. ಹಸ್ತಕ್ಕೆ ಒಂದೂವರೆ ಅಡಿ ಹಿಡಿದರೆ 96 ಅಡಿಗೆ 48 ಅಡಿ. ಅದರಲ್ಲಿ ಅರ್ಧ ಪ್ರೇಕ್ಷಕರಿಗೆ. ಅಂದರೆ ಕಟ್ಟಕಡೆಯಲ್ಲಿ ಕೂತವನೂ ರಂಗದ ಅಂಚಿನಿಂದ ಹೆಚ್ಚೆಂದರೆ 48 ಅಡಿ ದೂರ. ಇಡೀ ಕಟ್ಟಡದ ಅಳತೆ ಒಬ್ಬ ನಟನ ಹುಬ್ಬು ಎಲ್ಲಿಯವರೆಗೆ ಕಾಣುತ್ತದೆ ಎಂಬುದರಿಂದ ಹುಟ್ಟಿದೆ! ರಂಗವಿನ್ಯಾಸದಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

ಈಗ ಎಲ್‌ಇಡಿ ವಾಲ್ ಮುಂದೆ ಆ ನಟನನ್ನು ನಿಲ್ಲಿಸಿ. ಬಟ್ಟೆಯ ಪರದೆ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ತಿರುಗಿ ಕೊಡುತ್ತದೆ. ಎಲ್‌ಇಡಿ ತಾನೇ ಉರಿಯುತ್ತದೆ. ಕಣ್ಣು ಯಾವಾಗಲೂ ಎದುರಿಗಿರುವ ಅತಿ ಪ್ರಖರವಾದುದಕ್ಕೆ ಹೊಂದಿಕೊಳ್ಳುವುದರಿಂದ ನಟನ ಮುಖ ಕಪ್ಪಗೆ ಕಾಣುತ್ತದೆ. ಮುಖವನ್ನು ಎತ್ತಲು ಮುಂದಿನ ದೀಪ ಹೆಚ್ಚಿಸಬೇಕು, ಹೆಚ್ಚಿಸಿದರೆ ನೆರಳು ಸಾಯುತ್ತದೆ. ನೆರಳು ಸತ್ತ ಮೇಲೆ ಸಂಜೆಯೂ ಇಲ್ಲ, ಮಧ್ಯರಾತ್ರಿಯೂ ಇಲ್ಲ. ನಿಮ್ಮ ಕಾಲೇಜ್ ಡೇಯ ಫೋಟೊಗಳನ್ನು ತೆಗೆದು ಆ ಹುಡುಗನಿಗೆ ತೋರಿಸಿ, ಎಷ್ಟು ಮುಖಗಳ ಗುರುತು ಹತ್ತುತ್ತದೆ ಎಂದು ಕೇಳಿ.

ಕೆಲವು ವರ್ಷಗಳ ಹಿಂದೆ ಧಾರವಾಡದ ಕಡೆ ಕಂಪನಿ ನಾಟಕಗಳಿಗೆ ಪರದೆ ಬರೆಯುತ್ತಿದ್ದ ಒಬ್ಬ ಹಿರಿಯರನ್ನು ಮಾತಾಡಿಸಿದ್ದೆ. ರಸ್ತೆ ಪರದೆ, ಕಾಡಿನ ಪರದೆ, ದರ್ಬಾರಿನ ಪರದೆ ಎಲ್ಲ ಅವರ ಕೈಯಲ್ಲಿ ಆದವು. ನಾನು ಬಣ್ಣದ ವಿಷಯ ಕೇಳಿದರೆ ಅವರು ಮತ್ತೆ ಮತ್ತೆ ನಟನ ವಿಷಯಕ್ಕೇ ಬರುತ್ತಿದ್ದರು. "ನಟ ಪರದೇಕ ಹತ್ತಿ ನಿಂತ್ರ ಅರಮನಿಗಿಂತ ಎತ್ತರ ಕಾಣ್ತಾನ್ರೀ. ಅದಕ್ಕ ಮುಂದ ಜಾಗಾ ಬಿಟ್ಟು ನಿಲ್ರಿ ಅಂತ ಮೊದ್ಲ ಹೇಳಿಬಿಡ್ತಿದ್ವಿ" ಎಂದರು. ಬರೆದ ಕಂಬಗಳು ದೂರ ಹೋದಂತೆ ಸಣ್ಣದಾಗುತ್ತವೆ, ನಟ ಮಾತ್ರ ಹಿಂದೆ ಸರಿದರೂ ಅಷ್ಟೇ ಎತ್ತರ ಉಳಿಯುತ್ತಾನೆ. ಅದನ್ನು ಲೆಕ್ಕ ಹಾಕಿಯೇ ಅವರು ಕುಂಚ ಹಿಡಿಯುತ್ತಿದ್ದರು. ಬಾಡಿಗೆ ವಾಲ್ ತರುವವರಲ್ಲಿ ಈ ಲೆಕ್ಕ ಹಾಕುವವರನ್ನು ನಾನು ಕಂಡಿಲ್ಲ. ಬೆಟ್ಟದಷ್ಟು ದೊಡ್ಡ ದಾಸವಾಳದ ಮುಂದೆ ನಿಂತು ಶಕುಂತಲೆ ಅಳುತ್ತಿರುತ್ತಾಳೆ.

ರಟ್ಟು ಕತ್ತರಿಸುವುದು ಇದಕ್ಕೇ. ಅಡಿಗೆ ಅರ್ಧ ಇಂಚಿನಂತೆ ಹಿಡಿದರೆ 24 ಅಡಿ ಅಗಲದ ವೇದಿಕೆ 12 ಇಂಚಿನ ಪೆಟ್ಟಿಗೆಯಲ್ಲಿ ಕೂರುತ್ತದೆ, ಐದೂವರೆ ಅಡಿಯ ನಟ ಎರಡೂಮುಕ್ಕಾಲು ಇಂಚಿನ ಆಳಾಗುತ್ತಾನೆ. ಮೊದಲು ಆ ಆಳನ್ನು ಕತ್ತರಿಸಲಿ, ಆಮೇಲೆ ಮೆಟ್ಟಿಲು, ಆಮೇಲೆ ಬಾಗಿಲು. ಮಗು ಬಗ್ಗಿ, ಪೆಟ್ಟಿಗೆಯ ಅಂಚಿಗೆ ಕಣ್ಣಿಟ್ಟು, ಕೊನೆಯ ಸಾಲಿನವನಿಗೆ ಬಲಮೂಲೆ ಕಾಣುತ್ತದೆಯೇ ಎಂದು ನೋಡಬೇಕು. ಕಂಪ್ಯೂಟರ್ ಪರದೆಯ ಮೇಲೆ ಬೇಕಾದಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು, ಎಲ್ಲ ಅಳತೆಯೂ ಚೆಂದವೇ ಕಾಣುತ್ತದೆ. ತಪ್ಪು ತಿಳಿಯುವುದು ಬಡಗಿ ಮರ ಕೊಯ್ದ ಮೇಲೆ.

ಎರಡೇ ದೀಪ ಎಂದು ಕೊರಗಿದ್ದೀರಿ. 1959ರಲ್ಲಿ ಕಲ್ಕತ್ತೆಯ ಮಿನರ್ವಾ ಥಿಯೇಟರಿನಲ್ಲಿ ಉತ್ಪಲ್ ದತ್ತರ 'ಅಂಗಾರ್' ನಾಟಕಕ್ಕೆ ತಾಪಸ್ ಸೇನ್ ಬೆಳಕು ಮಾಡಿದರು. ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ಕಾರ್ಮಿಕರು ಮುಳುಗುವ ದೃಶ್ಯ, ನೀರು ಏರುವುದನ್ನು ಅವರು ಬೆಳಕಿನಿಂದಲೇ ತೋರಿಸಿದರು. ಇಂದಿಗೂ ಬಂಗಾಳದಲ್ಲಿ ಅದರ ಮಾತು ನಿಂತಿಲ್ಲ. ಅಷ್ಟು ದೂರ ಯಾಕೆ, ನಿಮ್ಮ ಊರಿನಿಂದ ಘಟ್ಟ ಇಳಿದರೆ ಯಕ್ಷಗಾನವಿದೆ. ಇಬ್ಬರು ಹಿಡಿದ ಒಂದು ತೆರೆ, ಅದರ ಹಿಂದೆ ಬಣ್ಣದ ವೇಷ. ಮೊದಲು ಕಿರೀಟದ ತುದಿ, ಆಮೇಲೆ ಹಿಡಿಗಾತ್ರದ ಕಣ್ಣು, ಆಮೇಲೆ ಪೂರ್ತಿ ರಾಕ್ಷಸ. ನಾಲ್ಕು ಮೊಳ ಬಟ್ಟೆಯಲ್ಲಿ ಇಷ್ಟು ಹೆದರಿಕೆ ಹುಟ್ಟಿಸಿದ ವಿನ್ಯಾಸಕ ಯಾರು? ಮಕ್ಕಳನ್ನು ಒಂದು ರಾತ್ರಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂರಿಸಿ, ಮುಖವರ್ಣಿಕೆ ಮುಗಿಯುವವರೆಗೆ ಏಳಗೊಡಬೇಡಿ.

ಜಾಗದ ಮಾತಿಗೂ ಇದೇ ಉತ್ತರ. ನಿರ್ದೇಶಕ ಇಬ್ರಾಹಿಂ ಅಲ್ಕಾಜಿ 1963ರಲ್ಲಿ 'ಅಂಧಾ ಯುಗ್' ನಾಟಕ ಆಡಿಸಿದ್ದು ದೆಹಲಿಯ ಫಿರೋಜ್ ಷಾ ಕೋಟ್ಲಾದ ಪಾಳಿನಲ್ಲಿ. ನಮ್ಮ ಕಾರ್ನಾಡರ 'ತುಘಲಕ್' 1974ರಲ್ಲಿ ಪುರಾನಾ ಕಿಲಾದ ಕಲ್ಲುಗೋಡೆಗಳ ನಡುವೆ ನಿಂತಿತು. ಆ ಗೋಡೆಯನ್ನು ಯಾವ ಬಡಗಿ ಕಟ್ಟಿಕೊಡಬಲ್ಲ? ನಿಮ್ಮ ಕಾಲೇಜಿನ ಹಿಂದೆ ಹಳೆಯ ಕಣವೋ, ಮುಚ್ಚಿದ ಅಕ್ಕಿ ಗಿರಣಿಯೋ, ಕೆರೆಯ ಮೆಟ್ಟಿಲೋ ಇರಲೇಬೇಕು. ಇನ್ನು ಹೆಗ್ಗೋಡು ನಿಮಗೆ ದೂರವಲ್ಲ. ಅಲ್ಲಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟ ಶುರುಮಾಡಿತು. ಒಂದು ವಾಹನದಲ್ಲಿ ಹಿಡಿಯುವಷ್ಟೇ ಸಾಮಾನು, ಊರಿಗೊಂದು ಅಳತೆಯ ವೇದಿಕೆ, ಸಂಜೆಯೊಳಗೆ ಕಟ್ಟಿ ರಾತ್ರಿ ಬಿಚ್ಚಬೇಕು. ಈ ಕಟ್ಟುಪಾಡಿನಲ್ಲಿ ಪಳಗಿದವರು ನಾಳೆ ಎಲ್ಲಿ ಹೋದರೂ ಬದುಕುತ್ತಾರೆ. ನೀನಾಸಂ ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಇದನ್ನೆಲ್ಲ ಒಂದು ಹಳ್ಳಿಯಲ್ಲಿ ಕೂತು ಮಾಡಿದರು ಎಂಬುದನ್ನು ಸಣ್ಣ ಕಾಲೇಜೆಂದು ಬೇಸರ ಬಂದಾಗಲೆಲ್ಲ ನೆನೆಯಿರಿ.

ನನ್ನ ಸಿಟ್ಟು ನಿಮ್ಮ ಹುಡುಗನ ಮೇಲಿಲ್ಲ. ತಾಲ್ಲೂಕು ತಾಲ್ಲೂಕಿನಲ್ಲಿ ರಂಗಮಂದಿರವೆಂದು ಎದ್ದಿರುವ ಕಟ್ಟಡಗಳನ್ನು ನೋಡಿ. ನಾನು ಕಂಡ ಹೆಚ್ಚಿನವಕ್ಕೆ ನಟರು ಮರೆಯಲ್ಲಿ ಕಾಯುವ ಸೈಡ್ ವಿಂಗಿಗೆ ಜಾಗವಿಲ್ಲ, ದೀಪ ನೇತುಹಾಕಲು ಪೈಪಿಲ್ಲ, ನಟಿಯರು ಬಟ್ಟೆ ಬದಲಿಸಲು ಕೋಣೆಯಿಲ್ಲ. ಗೋಡೆಗೆ ನುಣುಪಾದ ಟೈಲ್ಸು, ಮಾತು ಮೂರು ಸಲ ಕೇಳಿಸುತ್ತದೆ. ಕಟ್ಟುವ ಮೊದಲು ಒಬ್ಬ ರಂಗವಿನ್ಯಾಸಕನನ್ನು ಕರೆದು ಕೇಳಿದ್ದರೆ ಇಷ್ಟೇ ಸಿಮೆಂಟಿನಲ್ಲಿ ಒಳ್ಳೆಯ ರಂಗ ಆಗುತ್ತಿತ್ತು. ಕೇಳುವುದಿಲ್ಲ, ಏಕೆಂದರೆ ಅಂಥವರೊಬ್ಬರು ಇದ್ದಾರೆಂದೇ ಯಾರಿಗೂ ತಿಳಿದಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಅಧ್ಯಕ್ಷರು, ಉದ್ಘಾಟಕರು, ಗೌರವ ಉಪಸ್ಥಿತರು ಎಲ್ಲ ಇರುತ್ತಾರೆ. ಮೂರು ರಾತ್ರಿ ನಿದ್ದೆಗೆಟ್ಟು ಸೆಟ್ ಹಾಕಿದವನ ಹೆಸರಿರುವುದಿಲ್ಲ. ವಿಮರ್ಶೆಗಳದ್ದೂ ಅದೇ ಗತಿ. ಕಥೆಯ ಸಾರಾಂಶ, ನಿರ್ದೇಶಕರ ಬಗ್ಗೆ ಎರಡು ಪ್ಯಾರಾ, ಕೊನೆಗೆ "ರಂಗಸಜ್ಜಿಕೆ ಪೂರಕವಾಗಿತ್ತು" ಎಂಬ ಒಂದು ಸಾಲು. ಯಾವುದಕ್ಕೆ ಪೂರಕ, ಹೇಗೆ ಪೂರಕ? ಹೀಗೆ ಬರೆದರೆ ಊರಿನ ಜನ ಅಡಿಕೆ ಹಾಳೆಯ ಸೆಟ್ ನೋಡಲು ಹೇಗೆ ಕಲಿಯಬೇಕು? ಅವರ ಕಣ್ಣನ್ನು ಪಳಗಿಸುವ ಕೆಲಸ ನಮ್ಮಂಥ ಪತ್ರಿಕೆಗಳದು.

ಆದ್ದರಿಂದ ಮುಂದಿನ ಸಂಚಿಕೆಯಿಂದ, ವಿನ್ಯಾಸಕರ ಹೆಸರಿಲ್ಲದ, ಬೆಳಕು-ಸಜ್ಜಿಕೆಯ ಬಗ್ಗೆ ಕನಿಷ್ಠ ಒಂದು ಪ್ಯಾರಾ ಇಲ್ಲದ ಯಾವ ರಂಗವಿಮರ್ಶೆಯೂ ಇಲ್ಲಿ ಅಚ್ಚಾಗುವುದಿಲ್ಲ. ವಿಮರ್ಶಕ ಮಿತ್ರರು ಗಮನಿಸಬೇಕು. ನೀವು ನಿಮ್ಮ ಏಕಾಂಕದ ನೆಲನಕ್ಷೆ, ದೀಪದ ನಕ್ಷೆ, ಮಾಡೆಲ್ಲಿನ ಫೋಟೊಗಳನ್ನು ಕಳಿಸಿಕೊಡಿ. ನಡುಪುಟ ಖಾಲಿ ಇಟ್ಟಿರುತ್ತೇನೆ. ಹದಿನೇಳು ಮಕ್ಕಳ ಹೆಸರನ್ನೂ, ಯಾರು ಏನು ಮಾಡಿದರೆಂಬುದನ್ನೂ ತಪ್ಪದೆ ಬರೆದು ಕಳಿಸಿ. ರಟ್ಟು ಯಾಕೆಂದು ಕೇಳಿದ ಹುಡುಗನ ಹೆಸರು ಬಿಟ್ಟುಹೋಗದಿರಲಿ.