ಚಾಟ್ಸ್‌ವರ್ತ್ ಯಾರದ್ದು? ಡೆವನ್‌ಶೈರ್ ಡ್ಯೂಕರ ಆಸ್ತಿ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಚಾಟ್ಸ್‌ವರ್ತ್ ಅರಮನೆ ಬಗ್ಗೆ, ಅದನ್ನು ಕಟ್ಟಿದ ಕ್ಯಾವೆಂಡಿಶ್ ಮನೆತನದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳೆಲ್ಲ ಅದರ ಸುತ್ತಲೇ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ನಾನು ಕಂದಾಯ ಇಲಾಖೆಯಲ್ಲಿ ಪಹಣಿ, ಖಾತೆ ನೋಡುತ್ತಲೇ ನಿವೃತ್ತಳಾದವಳು. ಯಾವ ಅರಮನೆ ಕಂಡರೂ ನನಗೆ ಮೊದಲು ಬರುವ ಪ್ರಶ್ನೆ ಒಂದೇ: ಈ ನೆಲ ಯಾರಿಂದ ಯಾರಿಗೆ ಬಂತು?

ಮನೆ ಇರುವುದು ಡರ್ಬಿಶೈರ್‌ನಲ್ಲಿ, ಪದವಿ ಮಾತ್ರ ಡೆವನ್‌ಶೈರ್ ಡ್ಯೂಕ್. ಇದು ಹೇಗೆ?
— ಕಾಲೇಜು ವಿದ್ಯಾರ್ಥಿ, ಹಾಸನ

ಪದವಿಗೂ ಜಮೀನಿಗೂ ಸಂಬಂಧ ಇರಲೇಬೇಕು ಅಂತಿಲ್ಲ. ಪದವಿ ಕೊಡುವವರು ದೊರೆ, ಹೆಸರು ಇಡುವವರೂ ಅವರೇ. 1618ರಲ್ಲಿ ವಿಲಿಯಂ ಕ್ಯಾವೆಂಡಿಶ್ ಎಂಬಾತ ಡೆವನ್‌ಶೈರ್ ಅರ್ಲ್ ಆದ. ಅರ್ಲ್ ಎಂಬುದೊಂದು ಪದವಿ, ಡ್ಯೂಕ್ ಅದಕ್ಕಿಂತ ಮೇಲಿನದು. ಮೊದಲನೇ ಜೇಮ್ಸ್ ದೊರೆಯ ಕಾಲದಲ್ಲಿ ಇಂಥ ಪದವಿಗಳು ದುಡ್ಡಿಗೆ ಸಿಗುತ್ತಿದ್ದವು, ಇವನೂ ದುಡ್ಡು ಕೊಟ್ಟೇ ಪಡೆದ. 1688ರಲ್ಲಿ ಹಾಲೆಂಡಿನ ವಿಲಿಯಂನನ್ನು ಇಂಗ್ಲೆಂಡಿಗೆ ಬಾ ಎಂದು ಕರೆದು ಪತ್ರ ಬರೆದ ಏಳು ಮಂದಿಯಲ್ಲಿ ನಾಲ್ಕನೇ ಅರ್ಲ್ ಒಬ್ಬ. ವಿಲಿಯಂ ಬಂದು ಸಿಂಹಾಸನ ಏರಿದ. ಅದರ ಫಲವಾಗಿ 1694ರಲ್ಲಿ ಅರ್ಲ್ ಡ್ಯೂಕ್ ಆದ.

ಇಷ್ಟೊಂದು ಆಸ್ತಿ ಮೊದಲು ಬಂದದ್ದು ಎಲ್ಲಿಂದ? ಯುದ್ಧ ಗೆದ್ದು ಪಡೆದದ್ದಾ?
— ಹೈಸ್ಕೂಲ್ ಶಿಕ್ಷಕಿ, ತಿಪಟೂರು

ಯುದ್ಧ ಅಲ್ಲ ಮೇಡಂ. ಲೆಕ್ಕದ ಪುಸ್ತಕ. ಅದನ್ನು ಬರೆಸಿದವಳು ಒಬ್ಬ ಹೆಣ್ಣುಮಗಳು.

ಎಂಟನೇ ಹೆನ್ರಿ ದೊರೆ 1536ರಿಂದ ನಾಲ್ಕೈದು ವರ್ಷದಲ್ಲಿ ಇಂಗ್ಲೆಂಡಿನ ಕ್ರೈಸ್ತ ಮಠಗಳನ್ನೆಲ್ಲ ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡ. ಆ ಆಸ್ತಿಯ ಲೆಕ್ಕ ನೋಡಲು ನೇಮಕವಾದ ಅಧಿಕಾರಿಗಳಲ್ಲಿ ಸರ್ ವಿಲಿಯಂ ಕ್ಯಾವೆಂಡಿಶ್ ಒಬ್ಬ. ಮೇಲೆ ಹೇಳಿದ ಮೊದಲ ಅರ್ಲ್‌ನ ಅಪ್ಪ, ಹೆಸರು ಒಂದೇ. ಲೆಕ್ಕ ನೋಡುತ್ತಲೇ ತಾನೂ ಜಮೀನು ಮಾಡಿಕೊಂಡ. 1547ರಲ್ಲಿ ಅವನು ಮದುವೆಯಾದದ್ದು ಡರ್ಬಿಶೈರ್‌ನ ಒಂದು ಸಣ್ಣ ಜಮೀನ್ದಾರರ ಮನೆಯ ಹುಡುಗಿ ಎಲಿಜಬೆತ್‌ಳನ್ನು. ಇತಿಹಾಸದಲ್ಲಿ ಅವಳು ಬೆಸ್ ಆಫ್ ಹಾರ್ಡ್‌ವಿಕ್. ಅವಳಿಗದು ಎರಡನೇ ಮದುವೆ. ಮೊದಲ ಗಂಡ ಚಿಕ್ಕ ವಯಸ್ಸಲ್ಲೇ ತೀರಿಕೊಂಡಿದ್ದ. ವಿಧವೆಗೆ ಬರಬೇಕಾದ ಮೂರನೇ ಒಂದು ಪಾಲಿಗಾಗಿ ಅವಳು ಕೋರ್ಟಿಗೆ ಹೋಗಿ ಹೋರಾಡಿದ್ದಳು. ಹದಿಹರೆಯ ದಾಟುವ ಹೊತ್ತಿಗೇ ಕಾಗದಪತ್ರದ ಬೆಲೆ ಅವಳಿಗೆ ಗೊತ್ತಾಗಿತ್ತು.

ಗಂಡ ಹೆಂಡತಿ 1549ರಲ್ಲಿ ಚಾಟ್ಸ್‌ವರ್ತ್ ಜಮೀನನ್ನು 600 ಪೌಂಡಿಗೆ ಕೊಂಡರು. ಬೇರೆ ಕಡೆಯ ಆಸ್ತಿಯನ್ನು ಬಿಟ್ಟುಕೊಟ್ಟು ಡರ್ಬಿಶೈರ್‌ನಲ್ಲಿ ಒಟ್ಟು ಮಾಡಿಕೊಂಡರು. 1557ರಲ್ಲಿ ಒಂದು ಪೆಟ್ಟು ಬಿತ್ತು. ಕ್ಯಾವೆಂಡಿಶ್ ನೋಡುತ್ತಿದ್ದ ಸರ್ಕಾರದ ಲೆಕ್ಕದಲ್ಲಿ 5,000 ಪೌಂಡಿಗೂ ಜಾಸ್ತಿ ಹಣ ಕಾಣೆಯಾಗಿದೆ ಎಂಬ ಆರೋಪ ಬಂತು. ಅದೇ ವರ್ಷ ಅವನು ಸತ್ತ. ಬೆಸ್ ಕೈಯಲ್ಲಿ ಉಳಿದದ್ದು ಆರು ಮಕ್ಕಳು, ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ, ಅರ್ಧ ಕಟ್ಟಿದ ಮನೆ. ಅವಳು ಜಮೀನು ಮಾರಿ ಓಡಿಹೋಗಲಿಲ್ಲ. ನನಗೆ ಈ ಇಡೀ ಮನೆತನದಲ್ಲಿ ತುಂಬಾ ಇಷ್ಟವಾಗುವುದು ಈ ಘಳಿಗೆ.

ಆಮೇಲೆ ಇನ್ನೆರಡು ಮದುವೆ. ನಾಲ್ಕನೇ ಗಂಡ ಶ್ರೂಸ್‌ಬರಿ ಅರ್ಲ್, ದೇಶದ ದೊಡ್ಡ ಶ್ರೀಮಂತರಲ್ಲೊಬ್ಬ. ಆ ಸಂಬಂಧ ಗಟ್ಟಿಯಾಗಲಿ ಎಂದು 1568ರಲ್ಲಿ ತನ್ನ ಮಗ, ಮಗಳಿಬ್ಬರನ್ನೂ ಅರ್ಲ್‌ನ ಮಗಳು, ಮಗನಿಗೇ ಕೊಟ್ಟು ತಂದು ಮಾಡಿದಳು. ವಧುಗಳಲ್ಲಿ ಒಬ್ಬಳಿಗೆ ಹನ್ನೆರಡು ವರ್ಷ, ಇನ್ನೊಬ್ಬಳಿಗೆ ಎಂಟು. ಆಸ್ತಿಗಾಗಿ ಮಕ್ಕಳ ಬಾಳನ್ನು ಹೀಗೆ ಹೆಣೆದದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಕಾಲದ ಶ್ರೀಮಂತ ಮನೆಗಳಲ್ಲಿ ಅದೇ ರೂಢಿ.

ಗಂಡನ ಜೊತೆ ಜಗಳವಾಗಿ ಬೇರೆಯಾದ ಮೇಲೆ ತವರೂರು ಹಾರ್ಡ್‌ವಿಕ್‌ಗೆ ಬಂದಳು. 1590ರಿಂದ 1597ರೊಳಗೆ ಅಲ್ಲಿ ಹೊಸ ಮನೆ ಎಬ್ಬಿಸಿದಳು. ಕಲ್ಲು ಅವಳದೇ ಕ್ವಾರಿಯದ್ದು, ಸೀಸ ಅವಳದೇ ಗಣಿಯದ್ದು, ಗಾಜೂ ಅವಳದೇ ಕಾರ್ಖಾನೆಯದ್ದು. ಗಾಜು ಆಗ ತುಂಬಾ ದುಬಾರಿ ವಸ್ತು. ಮನೆಯ ಮುಂಭಾಗದಲ್ಲಿ ಗೋಡೆಗಿಂತ ಕಿಟಕಿಯೇ ಜಾಸ್ತಿ. ಆರು ಗೋಪುರಗಳ ನೆತ್ತಿಯ ಮೇಲೆ ಅವಳ ಹೆಸರಿನ (ಎಲಿಜಬೆತ್ ಶ್ರೂಸ್‌ಬರಿ) ಮೊದಲಕ್ಷರ ಇ, ಎಸ್ ಕಲ್ಲಲ್ಲಿ ಕೊರೆದು ನಿಂತಿವೆ. ಅಷ್ಟು ದೊಡ್ಡ ಮನೆ ಕಟ್ಟುವಾಗಲೂ ಕೂಲಿಯ ಲೆಕ್ಕ ನೋಡಿ ಸಹಿ ಹಾಕುತ್ತಿದ್ದಳು. ಆ ಪುಸ್ತಕಗಳು ಇವತ್ತಿಗೂ ಇವೆ. 1608ರಲ್ಲಿ ತೀರಿಕೊಂಡಳು.

ಹಿರಿಯ ಮಗ ಹೆನ್ರಿ ಅವಳಿಗೆ ಆಗಿಬರುತ್ತಿರಲಿಲ್ಲ. ಚಾಟ್ಸ್‌ವರ್ತ್ ಅವನಿಗೆ ಹೋಗಬೇಕಿತ್ತು. ಎರಡನೇ ಮಗ ವಿಲಿಯಂ ಅದನ್ನು ಅಣ್ಣನಿಂದ ಕೊಂಡುಕೊಂಡ. ಮೊದಲ ಅರ್ಲ್ ಆದವನು ಇವನೇ.

ಬರೀ ಹೊಲದ ಗುತ್ತಿಗೆಯಿಂದ ಇಷ್ಟು ವೈಭವ ಸಾಧ್ಯವೇ?
— ರೈತ, ಅರಸೀಕೆರೆ

ಸಾಧ್ಯವಿಲ್ಲ. ಗುತ್ತಿಗೆ ಜೊತೆಗೆ ಗಣಿ, ಮದುವೆ, ಪಟ್ಟಣ ಮೂರೂ ಸೇರಿದವು. ಸ್ಟಾಫರ್ಡ್‌ಶೈರ್‌ನ ಎಕ್ಟನ್ ಎಂಬಲ್ಲಿ ಐದನೇ ಡ್ಯೂಕ್‌ಗೆ ತಾಮ್ರದ ಗಣಿ ಇತ್ತು. ಹದಿನೆಂಟನೇ ಶತಮಾನದ ಕೊನೆಗೆ ಅದು ಭಾರಿ ಲಾಭ ತಂದಿತು. ಆಗಲೇ ಅವರು ಬಕ್ಸ್‌ಟನ್ ಪಟ್ಟಣದಲ್ಲಿ ಅರ್ಧಚಂದ್ರಾಕಾರದ ದೊಡ್ಡ ಕಟ್ಟಡ ಕಟ್ಟಿಸಿದ್ದು. ನಾಲ್ಕನೇ ಡ್ಯೂಕ್ 1748ರಲ್ಲಿ ಬರ್ಲಿಂಗ್ಟನ್ ಅರ್ಲ್‌ನ ಮಗಳು ಷಾರ್ಲಟ್ ಬಾಯ್ಲ್‌ಳನ್ನು ಮದುವೆಯಾಗಿದ್ದರು. ಅವಳ ಕಡೆಯಿಂದ ಯಾರ್ಕ್‌ಶೈರ್‌ನ ಬೋಲ್ಟನ್ ಅಬ್ಬಿ, ಲಂಡನ್ ಹತ್ತಿರದ ಚಿಸ್‌ವಿಕ್ ಹೌಸ್, ಐರ್ಲೆಂಡಿನ ಲಿಸ್‌ಮೋರ್ ಕೋಟೆ ಬಂದವು. ಏಳನೇ ಡ್ಯೂಕ್ ಈಸ್ಟ್‌ಬೋರ್ನ್ ಎಂಬ ಸಮುದ್ರತೀರದ ಪಟ್ಟಣವನ್ನೇ ಬೆಳೆಸಿದರು.

ಒಕ್ಕಲು ಮಾಡುತ್ತಿದ್ದವರ ಪಾಡೇನು? ಅವರ ಬಗ್ಗೆ ನೀವು ಏನೂ ಬರೆಯಲಿಲ್ಲ.
— ನಿವೃತ್ತ ಗ್ರಾಮ ಲೆಕ್ಕಿಗ, ಸಾಗರ

ಸರಿಯಾದ ಪ್ರಶ್ನೆ. ಅರಮನೆಯ ಎದುರು ಎಡೆನ್ಸರ್ ಎಂಬ ಹಳ್ಳಿ ಇದೆ. ಅದು ಮೊದಲು ನದಿಯ ಹತ್ತಿರ ಇತ್ತು, ಅರಮನೆಯಿಂದ ಕಣ್ಣಿಗೆ ಬೀಳುತ್ತಿತ್ತು. ಆರನೇ ಡ್ಯೂಕ್ 1838ರಿಂದ 1842ರ ನಡುವೆ ಉಳಿದಿದ್ದ ಮನೆಗಳನ್ನು ಕೆಡವಿ, ಊರನ್ನೇ ಗುಡ್ಡದ ಮರೆಗೆ ಸರಿಸಿದರು. ಹೊಸ ಮನೆಗಳು ಚೆನ್ನಾಗಿದ್ದವು, ಒಂದರಂತೆ ಇನ್ನೊಂದಿಲ್ಲ. ಒಂದು ಇಟಲಿಯ ಶೈಲಿ, ಒಂದು ಸ್ವಿಸ್ ಶೈಲಿ. ಒಕ್ಕಲಿನವರ ಒಪ್ಪಿಗೆ ಮಾತ್ರ ಬೇಕಿರಲಿಲ್ಲ. ನೆಲವೂ ಡ್ಯೂಕರದ್ದು, ಮನೆಯೂ ಡ್ಯೂಕರದ್ದು.

ಮಗಳು ಶೆಫೀಲ್ಡ್‌ನಲ್ಲಿ ಓದುತ್ತಿದ್ದಾಗ ನಾನು ಆ ಊರಲ್ಲಿ ನಡೆದಾಡಿದ್ದೇನೆ. ಬಾಗಿಲು, ಕಿಟಕಿ ಚೌಕಟ್ಟುಗಳಿಗೆಲ್ಲ ಒಂದೇ ನೀಲಿ ಬಣ್ಣ. ಎಸ್ಟೇಟಿನ ಮನೆಗಳ ಗುರುತು ಅದು. ಹಳೇ ಊರಿನಿಂದ ಉಳಿದ ಒಂದೇ ಒಂದು ಮನೆ ರಸ್ತೆಯ ಆಚೆ, ಸುತ್ತ ಗೋಡೆ ಕಟ್ಟಿಸಿಕೊಂಡು ಒಂಟಿಯಾಗಿದೆ. ಅದನ್ನು ಯಾಕೆ ಬಿಟ್ಟರು ಅನ್ನುವುದಕ್ಕೆ ಜನ ನಾಲ್ಕಾರು ಕಥೆ ಹೇಳುತ್ತಾರೆ. ಸುಮ್ನೆ ಕಥೆಗಳು. ನಾನು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ.

ಭೂಮಿಯ ತೂಕದ ಪ್ರಯೋಗ ಮಾಡಿದ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್ ಇದೇ ಮನೆಯವರಾ?
— ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಹೌದು, ಎರಡನೇ ಡ್ಯೂಕ್‌ನ ಮೊಮ್ಮಗ. 1797–98ರಲ್ಲಿ ಲಂಡನ್ನಿನ ಕ್ಲ್ಯಾಪಮ್‌ನ ತನ್ನ ಮನೆಯಲ್ಲಿ ಸೀಸದ ಗುಂಡುಗಳ ನಡುವಿನ ಸೆಳೆತ ಅಳೆದು ಭೂಮಿಯ ಸಾಂದ್ರತೆ ಕಂಡುಹಿಡಿದವರು. ಮಾತಾಡಲು ತುಂಬಾ ಸಂಕೋಚ. ಊಟಕ್ಕೆ ಏನು ಬೇಕು ಅನ್ನುವುದನ್ನೂ ಚೀಟಿಯಲ್ಲಿ ಬರೆದಿಡುತ್ತಿದ್ದರಂತೆ. ಮದುವೆಯಾಗಲಿಲ್ಲ. 1810ರಲ್ಲಿ ತೀರಿಕೊಂಡಾಗ ಅವರ ಆಸ್ತಿಯ ಬಹುಪಾಲು ಲಾರ್ಡ್ ಜಾರ್ಜ್ ಕ್ಯಾವೆಂಡಿಶ್ ಎಂಬ ಸಂಬಂಧಿಗೆ ಹೋಯಿತು. 1858ರಲ್ಲಿ ಮಕ್ಕಳಿಲ್ಲದೆ ಆರನೇ ಡ್ಯೂಕ್ ತೀರಿಕೊಂಡಾಗ ಆ ಜಾರ್ಜ್‌ನ ಮೊಮ್ಮಗನೇ ಏಳನೇ ಡ್ಯೂಕ್ ಆದದ್ದು. ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ದುಡ್ಡು ಕೊಟ್ಟವರು ಈ ಏಳನೇ ಡ್ಯೂಕ್. ಅದು 1874ರಲ್ಲಿ ಶುರುವಾಯಿತು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದದ್ದು ಅಲ್ಲೇ.

ನಮ್ಮ ತೋಟದಲ್ಲಿ ಜಿ-9 ಬಾಳೆ ಹಾಕಿದ್ದೇವೆ. ನರ್ಸರಿಯವರು ಅದನ್ನು ಕ್ಯಾವೆಂಡಿಶ್ ಅಂದರು. ಈ ಮನೆತನಕ್ಕೂ ಅದಕ್ಕೂ ನಂಟಿದೆಯಾ?
— ಕೃಷಿಕ ಮಹಿಳೆ, ಚಾಮರಾಜನಗರ

ನಂಟಿದೆ. ಆರನೇ ಡ್ಯೂಕ್‌ಗೆ ಗಿಡದ ಹುಚ್ಚು. ಅವರ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್. ಮಾರಿಷಸ್‌ನಿಂದ ಇಂಗ್ಲೆಂಡಿಗೆ ಬಂದಿದ್ದ ಒಂದು ಗಿಡ್ಡ ಬಾಳೆಯನ್ನು ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್‌ನ ಗಾಜಿನ ಮನೆಯಲ್ಲಿ ಬೆಳೆಸಿದರು. ಅದರ ಮೂಲ ದಕ್ಷಿಣ ಚೀನಾ. 1835ರ ಕೊನೆಗೆ ಹೂ ಬಿಟ್ಟು ನೂರಕ್ಕೂ ಹೆಚ್ಚು ಕಾಯಿ ಕಟ್ಟಿತು. ಮುಂದಿನ ವರ್ಷ ತೋಟಗಾರಿಕೆ ಸಂಘದಿಂದ ಪದಕವೂ ಬಂತು. ಒಡೆಯರ ಹೆಸರನ್ನೇ ಬಾಳೆಗೆ ಇಟ್ಟರು. ಅಲ್ಲಿಂದ ಗಿಡಗಳು ಮಿಷನರಿಯೊಬ್ಬರ ಮೂಲಕ ಪೆಸಿಫಿಕ್ ಸಾಗರದ ಸಮೋವಾ ದ್ವೀಪಕ್ಕೆ ಹೋದವು. ಮುಂದೆ ಪನಾಮಾ ರೋಗ ಬಂದು ಗ್ರೋ ಮಿಷೆಲ್ ಎಂಬ ತಳಿ ರಫ್ತು ತೋಟಗಳಲ್ಲಿ ನಾಶವಾದಾಗ ಅದರ ಜಾಗಕ್ಕೆ ಬಂದದ್ದು ಈ ಗುಂಪಿನ ಬಾಳೆಯೇ. ನಿಮ್ಮ ಜಿ-9, ಅಂಗಡಿಯ ಪಚ್ಚಬಾಳೆ ಎಲ್ಲವೂ ಕ್ಯಾವೆಂಡಿಶ್ ಗುಂಪಿನವು. ಹಾಗಂತ ನಿಮ್ಮ ಗಿಡ ಚಾಟ್ಸ್‌ವರ್ತ್‌ನಿಂದಲೇ ಬಂದದ್ದು ಅಂದುಕೊಳ್ಳಬೇಡಿ. ಅಲ್ಲಿಂದ ಬಂದದ್ದು ಹೆಸರು.

ಇದೇ ಪ್ಯಾಕ್ಸ್‌ಟನ್ 1836ರಿಂದ 1841ರೊಳಗೆ ಅಲ್ಲಿ ದೊಡ್ಡ ಗಾಜಿನ ಮನೆ ಕಟ್ಟಿದರು. ಅದರೊಳಗೆ ವಿಕ್ಟೋರಿಯಾ ರಾಣಿ ಸಾರೋಟಿನಲ್ಲೇ ಸುತ್ತಿದ್ದರು. 1851ರ ಲಂಡನ್ ಪ್ರದರ್ಶನದ ಗಾಜಿನ ಕಟ್ಟಡ ಕ್ರಿಸ್ಟಲ್ ಪ್ಯಾಲೇಸ್ ಕೂಡ ಅವರದೇ ವಿನ್ಯಾಸ. ಒಂದನೇ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಚಾಟ್ಸ್‌ವರ್ತ್‌ನ ಗಾಜಿನ ಮನೆಯ ಗಿಡಗಳು ಚಳಿಗೆ ಸತ್ತವು. 1920ರಲ್ಲಿ ಅದನ್ನು ಸಿಡಿಮದ್ದು ಇಟ್ಟು ಉರುಳಿಸಿದರು. ಅಡಿಪಾಯದ ಗೋಡೆ ಇನ್ನೂ ಇದೆ.

ಮೈಸೂರಿಗೂ ಈ ಮನೆತನಕ್ಕೂ ಏನಾದರೂ ಸಂಬಂಧ?
— ಓದುಗರು, ಮೈಸೂರು

ಒಂದಿದೆ. 1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರು ರಾಜ್ಯವನ್ನು ಹತ್ತನೇ ಚಾಮರಾಜ ಒಡೆಯರಿಗೆ ಮರಳಿ ಒಪ್ಪಿಸಿದಾಗ, ಲಂಡನ್ನಿನಲ್ಲಿ ಭಾರತ ಖಾತೆಯ ಮಂತ್ರಿಯಾಗಿದ್ದವರು ಹಾರ್ಟಿಂಗ್ಟನ್ ಪ್ರಭು. ಅವರೇ ಮುಂದೆ ಎಂಟನೇ ಡ್ಯೂಕ್ ಆದರು. ರಾಜ್ಯ ಮರಳಿಸುವ ತೀರ್ಮಾನ ಮಾತ್ರ 1867ರಲ್ಲೇ ಆಗಿತ್ತು.

ಇಂಗ್ಲೆಂಡಿನಲ್ಲಿ ನಮ್ಮ ಹಾಗೆ ಭೂ ಸುಧಾರಣೆ ಬರಲಿಲ್ಲವೇ? ಇಷ್ಟು ಜಮೀನು ಹೇಗೆ ಉಳಿಯಿತು?
— ವಕೀಲರು, ಶಿವಮೊಗ್ಗ

ಉಳುವವನಿಗೆ ಭೂಮಿ ಎಂಬ ಕಾನೂನು ಅಲ್ಲಿ ಬರಲಿಲ್ಲ. ಅದರ ಕೆಲಸದ ಒಂದಷ್ಟು ಭಾಗವನ್ನು ಮಾಡಿದ್ದು ಸಾವಿನ ತೆರಿಗೆ, ಅಂದರೆ ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ. 1894ರಲ್ಲಿ ಬಂದಾಗ ಅದರ ಅತಿ ಹೆಚ್ಚಿನ ದರ ನೂರಕ್ಕೆ 8. ಎರಡನೇ ಮಹಾಯುದ್ಧದ ನಂತರ ಅದು 80ಕ್ಕೆ ಮುಟ್ಟಿತು.

ಮೊದಲ ಏಟು ಬಿದ್ದದ್ದು 1908ರಲ್ಲಿ ಪಟ್ಟಕ್ಕೆ ಬಂದ ಒಂಬತ್ತನೇ ಡ್ಯೂಕ್‌ಗೆ. ತೆರಿಗೆಯೇ ಐದು ಲಕ್ಷ ಪೌಂಡಿಗೂ ಜಾಸ್ತಿ. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಅಚ್ಚು ಹಾಕಿದ ಅಪರೂಪದ ಹಳೇ ಪುಸ್ತಕಗಳು, ಶೇಕ್ಸ್‌ಪಿಯರ್‌ನ ಮೊದಲ ಮುದ್ರಣಗಳಿದ್ದ ನಾಟಕ ಸಂಗ್ರಹ ಅಮೆರಿಕದ ಪುಸ್ತಕ ಸಂಗ್ರಾಹಕ ಹಂಟಿಂಗ್ಟನ್‌ಗೆ ಹೋದವು. ಲಂಡನ್ನಿನ ಡೆವನ್‌ಶೈರ್ ಹೌಸ್ ಮಾರಾಟವಾಗಿ ನೆಲಸಮವಾಯಿತು. 1929ರಲ್ಲಿ ಚಿಸ್‌ವಿಕ್ ಹೌಸ್ ಕೂಡ ಕೈಬಿಟ್ಟಿತು.

ಎರಡನೇ ಏಟು ಇನ್ನೂ ಕ್ರೂರ. ಹತ್ತನೇ ಡ್ಯೂಕ್‌ನ ಹಿರಿಯ ಮಗ ಬಿಲ್ಲಿ 1944ರ ಮೇ ತಿಂಗಳಲ್ಲಿ ಕ್ಯಾಥಲೀನ್ ಕೆನಡಿಯನ್ನು ಮದುವೆಯಾದ. ಮುಂದೆ ಅಮೆರಿಕದ ಅಧ್ಯಕ್ಷನಾದ ಕೆನಡಿಯ ತಂಗಿ ಆಕೆ. ಸೆಪ್ಟೆಂಬರ್‌ನಲ್ಲಿ ಬಿಲ್ಲಿ ಬೆಲ್ಜಿಯಂ ಯುದ್ಧಭೂಮಿಯಲ್ಲಿ ಸತ್ತ. 1948ರಲ್ಲಿ ಆಕೆಯೂ ವಿಮಾನ ಅಪಘಾತದಲ್ಲಿ ಹೋದಳು. ಅವಳ ಸಮಾಧಿ ಎಡೆನ್ಸರ್ ಚರ್ಚಿನ ಅಂಗಳದಲ್ಲಿದೆ. 1963ರ ಜೂನ್‌ನಲ್ಲಿ ಅಧ್ಯಕ್ಷ ಕೆನಡಿ ಅಲ್ಲಿಗೆ ಬಂದು ಹೋಗಿದ್ದರು.

ಬಿಲ್ಲಿ ಹೋದ ಮೇಲೆ ವಾರಸುದಾರ ಎರಡನೇ ಮಗ ಆ್ಯಂಡ್ರ್ಯೂ. ತೆರಿಗೆ ತಪ್ಪಿಸಲು ಅಪ್ಪ ಬದುಕಿದ್ದಾಗಲೇ ಆಸ್ತಿಯನ್ನು ಮಗನಿಗೆ ವರ್ಗ ಮಾಡಿದರು. ಕಾನೂನಿನ ಪ್ರಕಾರ ಅದಾದ ಮೇಲೆ ಅವರು ಐದು ವರ್ಷ ಬದುಕಿರಬೇಕಿತ್ತು. ಇನ್ನು ಕೆಲವೇ ವಾರ ಉಳಿದಿದ್ದಾಗ, 1950ರ ನವೆಂಬರ್ 26ರಂದು, ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ 55. ಇಡೀ ಆಸ್ತಿಗೆ ನೂರಕ್ಕೆ 80ರ ತೆರಿಗೆ ಬಿತ್ತು.

ಸಾವಿರಾರು ಎಕರೆ ಹೋಯಿತು. ಹೋಲ್‌ಬೈನ್, ಕ್ಲೋಡ್ ಮುಂತಾದವರ ಕಲಾಕೃತಿಗಳು ದೇಶದ ಸಂಗ್ರಹಾಲಯಗಳಿಗೆ ಹೋದವು. ಬೆಸ್ ಕಟ್ಟಿದ ಹಾರ್ಡ್‌ವಿಕ್ ಕೂಡ ತೆರಿಗೆಯ ಬದಲಿಗೆ ಸರ್ಕಾರಕ್ಕೆ ಸೇರಿ, 1959ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಯ ಪಾಲಾಯಿತು. ತೆರಿಗೆ ತಪ್ಪು ಅಂತ ನಾನು ಹೇಳುವುದಿಲ್ಲ. ಮಠಗಳಿಂದ ಕಿತ್ತುಕೊಂಡ ನೆಲದಲ್ಲಿ ಶುರುವಾದ ಆಸ್ತಿ, ಒಂದು ದಿನ ಜನರಿಗೆ ಲೆಕ್ಕ ಕೊಡಬೇಕಾದದ್ದು ನ್ಯಾಯವೇ. ಆದರೆ ಅಷ್ಟು ಕಳಕೊಂಡೂ ಆ್ಯಂಡ್ರ್ಯೂ ಮತ್ತು ಪತ್ನಿ ಡೆಬೊರಾ ಚಾಟ್ಸ್‌ವರ್ತನ್ನು ಮಾರದೆ ನಿಂತದ್ದು ದೊಡ್ಡ ಮಾತು. ಯುದ್ಧಕಾಲದಲ್ಲಿ ಒಂದು ಹೆಣ್ಣುಮಕ್ಕಳ ಶಾಲೆ ಬೀಡುಬಿಟ್ಟಿದ್ದ ಆ ಮನೆಗೆ ಸೋರುವ ಮಾಡು ಸರಿಮಾಡಿಸಿ, 1959ರಲ್ಲಿ ವಾಸಕ್ಕೆ ಬಂದರು.

ಈಗ ಅದು ಯಾರ ಹೆಸರಲ್ಲಿದೆ? ನೋಡಲು ಹೋಗಬಹುದಾ?
— ಲಂಡನ್‌ಗೆ ಹೊರಟಿರುವ ಅಜ್ಜಿ, ಬೆಂಗಳೂರು

1981ರಲ್ಲಿ ಚಾಟ್ಸ್‌ವರ್ತ್ ಹೌಸ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ಮಾಡಿ, ಮನೆ, ತೋಟವನ್ನು ದೀರ್ಘ ಗುತ್ತಿಗೆಗೆ ಅದರ ಸುಪರ್ದಿಗೆ ಕೊಟ್ಟರು. ಕುಟುಂಬ ತಾನಿರುವ ಭಾಗಕ್ಕೆ ಟ್ರಸ್ಟ್‌ಗೆ ಬಾಡಿಗೆ ಕಟ್ಟುತ್ತದೆ. ಹೊರಗಿನ ಹೊಲ, ಕಾಡು, ಹಳ್ಳಿಗಳು ಬೇರೆ ಲೆಕ್ಕ. ಆ್ಯಂಡ್ರ್ಯೂ 2004ರಲ್ಲಿ ತೀರಿಕೊಂಡ ಮೇಲೆ ಮಗ ಪೆರಿಗ್ರಿನ್ ಹನ್ನೆರಡನೇ ಡ್ಯೂಕ್ ಆದರು.

ಖಂಡಿತ ಹೋಗಿ ಬನ್ನಿ ಅಮ್ಮ. ಲಂಡನ್‌ನಿಂದ ರೈಲಲ್ಲಿ ಶೆಫೀಲ್ಡ್, ಅಲ್ಲಿಂದ ಬಸ್ಸು. ಒಳಗೆ ನಡೆದಾಟ ಜಾಸ್ತಿ, ಒಳ್ಳೇ ಚಪ್ಪಲಿ ಹಾಕಿಕೊಳ್ಳಿ. ಕಾಲು ನೋವಿದ್ದರೆ ಒಂದೇ ದಿನ ಚಾಟ್ಸ್‌ವರ್ತ್, ಹಾರ್ಡ್‌ವಿಕ್ ಎರಡೂ ಮನೆ ಬೇಡ. ಒಂದೇ ಆರಿಸಿಕೊಳ್ಳಿ ಅಂದರೆ ನಾನು ಹಾರ್ಡ್‌ವಿಕ್ ಅನ್ನುತ್ತೇನೆ.